ಗಾಳಿ ಸಾಲ್ತಿಲ್ಲ ಅಂತ ಒತ್ತಡ ಏರಿಸಬೇಡಿ

ಒಂದು ಶೂಟಿಂಗ್ ರೇಂಜ್‌ನಲ್ಲಿ ಏರ್ ರೈಫಲ್‌ಗಳ ಸರ್ವಿಸ್ ನೋಡಿಕೊಳ್ಳುವುದು ನನ್ನ ಕೆಲಸ. ಸೀಲ್ ಬದಲಿಸುತ್ತೇನೆ, ಗಾಳಿಯ ಒತ್ತಡವನ್ನು ಒಂದೇ ಮಟ್ಟಕ್ಕೆ ಇಳಿಸಿ ಕೊಡುವ ರೆಗ್ಯುಲೇಟರ್ ಬಿಚ್ಚಿ ಕ್ಲೀನ್ ಮಾಡುತ್ತೇನೆ, ಸಿಲಿಂಡರ್‌ಗಳ ತಾರೀಖು ನೋಡಿ ಗಾಳಿ ತುಂಬಿಸುತ್ತೇನೆ. ಈ ಕೆಲಸದಲ್ಲಿ ಎಲ್ಲಕ್ಕಿಂತ ಜಾಸ್ತಿ ಕಿವಿಗೆ ಬೀಳುವ ಮಾತು, "ಸರ್, ಗಾಳಿ ಸಾಲ್ತಿಲ್ಲ, ಏನಾದ್ರೂ ಅಪ್‌ಗ್ರೇಡ್ ಮಾಡ್ಬಹುದಾ?"

ಮಾಡಬಹುದು. ಆದರೆ ಕೇಳುವವರ ತಲೆಯಲ್ಲಿ ಬಹಳ ಸಲ ಇರುವುದು ಒತ್ತಡ. 200 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ತುಂಬುವ ಕಡೆ 250 ತುಂಬಿದರೆ ಶಾಟ್ ಜಾಸ್ತಿ ಸಿಗುತ್ತವೆ ಅನ್ನುವ ಲೆಕ್ಕ. ಮೊನ್ನೆ ಒಬ್ಬ ಹುಡುಗ ಹೀಗೇ ಕೇಳಿದ. ಅವನ ರೈಫಲ್‌ನ ಸಿಲಿಂಡರ್ ಮೇಲೆ 200 ಅಂತ ಕೆತ್ತಿತ್ತು. ಗೇಜ್‌ನಲ್ಲಿ ಮುಳ್ಳು ಓಡಲು 300ರವರೆಗೆ ಜಾಗ ಇತ್ತು. "ಗೇಜ್ 300 ತೋರಿಸುತ್ತಲ್ವಾ ಸರ್, ಅಂದ್ಮೇಲೆ ತುಂಬಬಹುದು ತಾನೆ?" ಅಂದ. ಗೇಜ್‌ನ ಕೊನೆಯ ಅಂಕಿ ಗೇಜ್‌ಗೆ ಸೇರಿದ್ದು, ಸಿಲಿಂಡರ್‌ಗಲ್ಲ. ಎಷ್ಟು ತುಂಬಬಹುದು ಅಂತ ಹೇಳುವ ಹಕ್ಕು ಸಿಲಿಂಡರ್ ಮೇಲೆ ಕೆತ್ತಿರುವ ಅಂಕಿಗೆ ಮಾತ್ರ.

ಪಿಸಿಪಿ ರೈಫಲ್ (ಮೊದಲೇ ಒತ್ತಿ ತುಂಬಿಟ್ಟ ಗಾಳಿಯಿಂದ ಹೊಡೆಯುವಂಥದ್ದು) ಒಳಗೆ ಏನಾಗುತ್ತದೆ ಅಂತ ಗೊತ್ತಾದರೆ ಈ 250ರ ಆಸೆ ತಾನಾಗಿ ಇಳಿಯುತ್ತದೆ. ಟ್ರಿಗರ್ ಎಳೆದಾಗ ಹ್ಯಾಮರ್ ಹೋಗಿ ವಾಲ್ವ್‌ನ ಕಡ್ಡಿಗೆ ಹೊಡೆಯುತ್ತದೆ. ವಾಲ್ವ್ ಒಂದು ಕ್ಷಣ ತೆರೆದು ಮುಚ್ಚುತ್ತದೆ. ಅಷ್ಟರಲ್ಲಿ ನುಗ್ಗಿದ ಗಾಳಿ ಪೆಲೆಟ್ಟನ್ನು, ಅಂದರೆ ಸಣ್ಣ ಗುಂಡನ್ನು, ತಳ್ಳುತ್ತದೆ. ಆ ವಾಲ್ವನ್ನು ಮುಚ್ಚಿ ಹಿಡಿದಿರುವುದು ಬರೀ ಸ್ಪ್ರಿಂಗ್ ಅಲ್ಲ, ಒಳಗಿನ ಗಾಳಿಯ ಒತ್ತಡವೂ ಹೌದು. ಒತ್ತಡ ಏರಿದಷ್ಟೂ ಹ್ಯಾಮರ್‌ಗೆ ವಾಲ್ವ್ ತೆರೆಯುವುದು ಕಷ್ಟ. ರೆಗ್ಯುಲೇಟರ್ ಇಲ್ಲದ ರೈಫಲ್‌ನಲ್ಲಿ 250 ತುಂಬಿದರೆ ಮೊದಲ ಶಾಟ್‌ಗಳು ನಿಧಾನವಾಗುತ್ತವೆ. ಒತ್ತಡ ಇಳಿಯುತ್ತಾ ಬಂದ ಹಾಗೆ ವೇಗ ಏರುತ್ತದೆ, ಒಂದಷ್ಟು ಹೊತ್ತು ಸಮ ನಿಲ್ಲುತ್ತದೆ, ಆಮೇಲೆ ಬೀಳುತ್ತದೆ. ಅತಿಯಾಗಿ ತುಂಬಿದರೆ ವಾಲ್ವ್ ತೆರೆಯುವುದೇ ಇಲ್ಲ, ಹ್ಯಾಮರ್ ಟಕ್ ಅಂದು ಸುಮ್ಮನಾಗುತ್ತದೆ. ಅಂದರೆ ಮೇಲಿನ 50 ಬಾರ್‌ನಿಂದ ಗುರಿಗೆ ಲಾಭ ಇಲ್ಲ, ಸಿಲಿಂಡರ್‌ಗೆ ಮಾತ್ರ ಭಾರ.

ರೆಗ್ಯುಲೇಟರ್ ಇರುವ ರೈಫಲ್‌ನ ಕಥೆ ಬೇರೆ. ಅಲ್ಲಿ ವಾಲ್ವ್‌ಗೆ ಸಿಗುವ ಒತ್ತಡ ಮೊದಲೇ ನಿಗದಿಯಾಗಿರುತ್ತದೆ, ಸಿಲಿಂಡರ್‌ನಲ್ಲಿ ಅದಕ್ಕಿಂತ ಎಷ್ಟೇ ಜಾಸ್ತಿ ಇರಲಿ. ಅಲ್ಲಿ ಜಾಸ್ತಿ ಗಾಳಿ ಅಂದರೆ ನಿಜವಾಗಿಯೂ ಜಾಸ್ತಿ ಶಾಟ್. ಆದರೂ ಸಿಲಿಂಡರ್‌ನ ಮಿತಿ ಮಿತಿಯೇ.

ಆ ಮಿತಿ ಯಾಕೆ ಅಷ್ಟು ಗಟ್ಟಿ ಅಂತ ಹೊಸಬರಿಗೆ ಹೇಳಲು ನಾನು ಒಂದು ಲೆಕ್ಕ ಬರೆದು ತೋರಿಸುತ್ತೇನೆ. ಅರ್ಧ ಲೀಟರ್ ಸಿಲಿಂಡರ್ ಬಾಟಲಿಯಲ್ಲಿ 200 ಬಾರ್ ಗಾಳಿ ಇದೆ ಅಂದುಕೊಳ್ಳಿ. ಅದು ಒಂದೇ ಸಲಕ್ಕೆ ಹೊರಬಿದ್ದರೆ ಬಿಡುವ ಶಕ್ತಿ ಸುಮಾರು 20,000 ಜೂಲ್. 10 ಮೀಟರ್ ಮ್ಯಾಚ್ ರೈಫಲ್‌ನಿಂದ ಹೊರಡುವ 4.5 ಮಿ.ಮೀ. ಪೆಲೆಟ್‌ನಲ್ಲಿ ಇರುವುದು 7 ಜೂಲ್ ಆಸುಪಾಸು. ನಳಿಕೆಯ ಬಾಯಿಯ ಕಡೆ ಯಾರೂ ನಿಲ್ಲುವುದಿಲ್ಲ, ಆದರೆ ಆ ಬಾಟಲಿಯನ್ನು ಕೆನ್ನೆಗೆ ಹತ್ತಿರ ಇಟ್ಟುಕೊಂಡೇ ಗುರಿ ಹಿಡಿಯುತ್ತೇವೆ. ಲೆಕ್ಕ ನೋಡಿದ ಮೇಲೆ ಹುಡುಗರು ಸಿಲಿಂಡರ್ ಎತ್ತಿಡುವ ರೀತಿಯೇ ಬದಲಾಗುತ್ತದೆ.

ಸರಿ, ಹಾಗಾದರೆ ಏನನ್ನು ಅಪ್‌ಗ್ರೇಡ್ ಮಾಡಬೇಕು? ನನ್ನ ಉತ್ತರ ಯಾವಾಗಲೂ ರೈಫಲ್‌ನ ಹೊರಗಿನಿಂದ ಶುರುವಾಗುತ್ತದೆ. ರೈಫಲ್‌ಗೆ ಗಾಳಿ ತುಂಬಿಸುವ ಟ್ಯಾಂಕ್ ಬದಲಾಗಲಿ, ರೈಫಲ್ ಹಾಗೇ ಇರಲಿ.

ಹುಡುಗನ ರೈಫಲ್ ಸಿಲಿಂಡರ್ 200 ಮಿ.ಲೀ. ಅವನು 100 ಬಾರ್‌ಗೆ ಇಳಿದಾಗ ಮತ್ತೆ 200ಕ್ಕೆ ತುಂಬುತ್ತಾನೆ. ಅವನ ಹತ್ತಿರ 7 ಲೀಟರ್‌ನ, 200 ಬಾರ್‌ನ ಟ್ಯಾಂಕ್ ಇತ್ತು. ಮೊದಲ ಸಲ ತುಂಬಿದಾಗಲೇ ಎರಡೂ ಕಡೆ ಸಮ ಆಗುವುದು 197ಕ್ಕೆ. ಹತ್ತನೇ ಸಲಕ್ಕೆ 175. ಟ್ಯಾಂಕ್ ಇನ್ನೂ ಮುಕ್ಕಾಲಿಗಿಂತ ಜಾಸ್ತಿ ತುಂಬಿದ್ದರೂ ರೈಫಲ್‌ಗೆ ಪೂರ್ತಿ ಗಾಳಿ ಸಿಗುವುದಿಲ್ಲ. ಅವನಿಗೆ ಗಾಳಿ ಸಾಲದೆ ಇದ್ದದ್ದು ಇಲ್ಲಿ! ಅದೇ 7 ಲೀಟರ್‌ನ 300 ಬಾರ್ ಟ್ಯಾಂಕ್ ಆದರೆ, ಅದು 200ಕ್ಕೆ ಇಳಿಯುವವರೆಗೂ ಪ್ರತಿ ಸಲ ಪೂರ್ತಿ 200 ಸಿಗುತ್ತದೆ. ಕಾಗದದ ಲೆಕ್ಕದಲ್ಲಿ 35 ಸಲ. ನಿಜದಲ್ಲಿ 30ರ ಹತ್ತಿರ, ಯಾಕೆಂದರೆ ಅಷ್ಟು ಒತ್ತಡದಲ್ಲಿ ಗಾಳಿ ಮೊದಲಿನಷ್ಟು ಸುಲಭವಾಗಿ ಒತ್ತಿಕೊಳ್ಳುವುದಿಲ್ಲ. 300 ಬಾರ್ ಟ್ಯಾಂಕ್‌ನಲ್ಲಿ ಲೆಕ್ಕಕ್ಕಿಂತ ಹತ್ತರಲ್ಲಿ ಒಂದು ಪಾಲು ಗಾಳಿ ಕಡಿಮೆ ಇರುತ್ತದೆ.

ಆದರೆ ಈ ಅಪ್‌ಗ್ರೇಡ್ ಜೊತೆಗೇ ಹೊಸ ಅಪಾಯವೂ ಬರುತ್ತದೆ. ಮೊದಲು ಟ್ಯಾಂಕ್ 200, ರೈಫಲ್ 200. ಎಷ್ಟೇ ಅಜಾಗರೂಕತೆ ಇದ್ದರೂ 200 ದಾಟಲು ಸಾಧ್ಯ ಇರಲಿಲ್ಲ. ಈಗ ಹೋಸ್‌ನ ಆ ಕಡೆ 300 ಇದೆ, ಈ ಕಡೆ 200 ತಡೆಯುವ ಸಿಲಿಂಡರ್. ನಡುವೆ ಇರುವುದು ನಿಮ್ಮ ಕೈ ಮಾತ್ರ. ಫೋನ್ ಬಂತು, ಯಾರೋ ಕರೆದರು, ಅಷ್ಟರಲ್ಲಿ ಮುಳ್ಳು ದಾಟಿ ಹೋಗಿರುತ್ತದೆ. ಅದಕ್ಕೆ ನಾನು 300ರ ಟ್ಯಾಂಕ್ ಕೊಡಿಸುವಾಗ ಅದರ ಬಾಯಿಗೆ 200ಕ್ಕೆ ಸೆಟ್ ಮಾಡಿದ ರೆಗ್ಯುಲೇಟರ್, ಅದರ ನಂತರ ಒತ್ತಡ ಮೀರಿದರೆ ಗಾಳಿ ಹೊರಬಿಡುವ ಒಂದು ರಿಲೀಫ್ ವಾಲ್ವ್ ಇಲ್ಲದೆ ಒಪ್ಪುವುದಿಲ್ಲ. ಖರ್ಚು ಜಾಸ್ತಿ ಅಂತ ಗೊಣಗುವವರು ಇದ್ದಾರೆ. ಗೊಣಗಲಿ.

ಟ್ಯಾಂಕ್ ವಾಲ್ವ್‌ಗಳನ್ನು ಮಾಡಿದವರು ಇದನ್ನು ಮೊದಲೇ ಯೋಚಿಸಿದ್ದಾರೆ. ಡಿನ್ ಅನ್ನುವ ತಿರುಪಿನ ಕನೆಕ್ಷನ್‌ನಲ್ಲಿ 200 ಬಾರ್‌ನದ್ದಕ್ಕೆ 5 ಸುತ್ತು ಥ್ರೆಡ್, 300 ಬಾರ್‌ನದ್ದಕ್ಕೆ 7. 200ರ ಫಿಟ್ಟಿಂಗನ್ನು 300ರ ವಾಲ್ವ್‌ಗೆ ತಿರುಗಿಸಿದರೆ ಅದು ಸೀಲ್‌ವರೆಗೆ ತಲುಪುವುದೇ ಇಲ್ಲ, ಗಾಳಿ ಬುಸ್ ಅಂತ ಸೋರುತ್ತದೆ. ಬೇಕಂತಲೇ ಹಾಗೆ ಮಾಡಿದ್ದು. ಅದನ್ನು "ಸರಿ" ಮಾಡುವ ಅಡಾಪ್ಟರ್ ಹುಡುಕುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಥ್ರೆಡ್ ವಿಷಯಕ್ಕೆ ಬಂದೆ, ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಬೆಂಚ್ ಮೇಲೆ ಅತಿ ಹೆಚ್ಚು ಗೊಂದಲ ಮಾಡುವುದು ಸಣ್ಣ ಫಿಟ್ಟಿಂಗ್‌ಗಳು. ಎಂಟನೇ ಒಂದು ಇಂಚಿನ ಬಿಎಸ್‌ಪಿ (ಬ್ರಿಟಿಷ್ ಪೈಪ್ ಅಳತೆ) ಥ್ರೆಡ್‌ನಲ್ಲಿ ಇಂಚಿಗೆ 28 ಸುತ್ತು. ಅದೇ ಅಳತೆಯ ಎನ್‌ಪಿಟಿಯಲ್ಲಿ (ಅಮೆರಿಕದ ಪೈಪ್ ಅಳತೆ) 27, ಜೊತೆಗೆ ಅದು ತುದಿಗೆ ಹೋದಂತೆ ಸಣ್ಣಗಾಗುತ್ತದೆ. ಇನ್ನೊಂದು ಮೆಟ್ರಿಕ್ 10ರ ಥ್ರೆಡ್, ಒಂದೊಂದು ಮಿ.ಮೀ.ಗೆ ಒಂದು ಸುತ್ತು. ಮೂರೂ ಕಣ್ಣಿಗೆ ಒಂದೇ ಥರ. ಒಂದನ್ನು ಇನ್ನೊಂದರೊಳಗೆ ಇಟ್ಟರೆ ಕೆಲವು ಸಲ ಎರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಬಿಗಿಯಾಯಿತು, ಕೂತಿತು ಅಂದುಕೊಳ್ಳುತ್ತಾರೆ. ಕೂತಿರುವುದಿಲ್ಲ, ಸಿಕ್ಕಿಕೊಂಡಿರುತ್ತದೆ. ಎರಡು ಸುತ್ತಿನ ಮೇಲೆ 200 ಬಾರ್ ನಿಂತಿರುತ್ತದೆ. ಕೈಯಲ್ಲಿ ಸಲೀಸಾಗಿ ಕೊನೆಯವರೆಗೆ ತಿರುಗದ ಫಿಟ್ಟಿಂಗ್‌ಗೆ ಸ್ಪ್ಯಾನರ್ ಹಾಕಬೇಡಿ. ಥ್ರೆಡ್ ಗೇಜ್ ಇಟ್ಟು ನೋಡಿ, ಕ್ಯಾಲಿಪರ್‌ನಲ್ಲಿ ಅಳೆಯಿರಿ.

ನೇರ ಥ್ರೆಡ್‌ಗೆ ಟೇಪ್ ಸುತ್ತುವ ಅಭ್ಯಾಸವೂ ಬೇಡ. ಅಲ್ಲಿ ಗಾಳಿ ತಡೆಯುವುದು ಥ್ರೆಡ್ ಅಲ್ಲ, ಬುಡದಲ್ಲಿರುವ ಬಾಂಡೆಡ್ ವಾಷರ್ (ರಬ್ಬರ್ ಅಂಚಿನ ಲೋಹದ ಬಿಲ್ಲೆ) ಅಥವಾ ಓ-ರಿಂಗ್. ಟೇಪ್‌ನ ಚೂರು ಕಿತ್ತು ವಾಲ್ವ್ ಸೀಟ್‌ಗೆ ಹೋಗಿ ಕೂತರೆ, ಇಲ್ಲದ ಸೋರಿಕೆಗೆ ರೈಫಲ್ ಪೂರ್ತಿ ಬಿಚ್ಚಬೇಕಾಗುತ್ತದೆ.

ಟ್ಯಾಂಕ್, ವಾಲ್ವ್, ಹೋಸ್, ಹೋಸನ್ನು ರೈಫಲ್‌ಗೆ ಸೇರಿಸುವ ಕಪ್ಲರ್, ರೈಫಲ್‌ನ ಫಿಲ್ ಪೋರ್ಟ್, ಸಿಲಿಂಡರ್. ಇದಿಷ್ಟೂ ಒಂದೇ ಸಾಲು. ಈ ಸಾಲಿನಲ್ಲಿ ಎಲ್ಲಕ್ಕಿಂತ ಕಡಿಮೆ ಅಂಕಿ ಯಾವುದರ ಮೇಲಿದೆಯೋ ಅದೇ ಇಡೀ ಸಾಲಿನ ಮಿತಿ. ಕಪ್ಲರ್ ಮೇಲೆ ಅಂಕಿಯೇ ಇಲ್ಲದಿದ್ದರೆ ಅದು ನಮ್ಮ ರೂಮಿನೊಳಗೆ ಬರುವುದಿಲ್ಲ. ಅಂಕಿ ಓದುವಾಗ ಬಾರ್ ಮತ್ತು ಪಿಎಸ್‌ಐ (ಒತ್ತಡದ ಇನ್ನೊಂದು ಅಳತೆ) ಎರಡನ್ನೂ ನೋಡಿ. 200 ಬಾರ್ ಅಂದರೆ ಸುಮಾರು 2,900 ಪಿಎಸ್‌ಐ, 300 ಅಂದರೆ 4,350. ಟ್ಯಾಂಕ್ ಮೇಲೆ ಸಾಮಾನ್ಯವಾಗಿ ಎರಡು ಅಂಕಿ ಇರುತ್ತವೆ, ಒಂದು ಬಳಸುವ ಒತ್ತಡ, ಇನ್ನೊಂದು ಪರೀಕ್ಷೆಯ ಒತ್ತಡ. 300ರ ಟ್ಯಾಂಕ್ ಮೇಲೆ 450 ಅಂತ ಕಂಡರೆ ಅದು ಪರೀಕ್ಷೆಯದ್ದು. ಅದನ್ನು ನೋಡಿ ಖುಷಿಪಟ್ಟು ತುಂಬಿಸಬೇಡಿ.

ತಾರೀಖು ನೋಡುವ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮ್ಯಾಚ್ ರೈಫಲ್ ಸಿಲಿಂಡರ್‌ಗಳಿಗೆ ತಯಾರಕರು ಸಾಮಾನ್ಯವಾಗಿ ಕೊಡುವ ಆಯಸ್ಸು 10 ವರ್ಷ. ಅವಧಿ ಮುಗಿದ ಸಿಲಿಂಡರ್ ಬದಲಿಸುವುದು ಶೂಟರ್‌ನದ್ದೇ ಜವಾಬ್ದಾರಿ ಅಂತ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್‌ಎಸ್‌ಎಫ್‌ನ ನಿಯಮವೇ ಹೇಳುತ್ತದೆ. ದೊಡ್ಡ ಟ್ಯಾಂಕ್‌ಗಳಿಗೆ ನೀರು ತುಂಬಿಸಿ ಮಾಡುವ ಹೈಡ್ರೋ ಟೆಸ್ಟ್ ಇದೆ. ಅದರ ಗಡುವು ಟ್ಯಾಂಕ್‌ನ ಬಗೆ ಮತ್ತು ನಿಮ್ಮಲ್ಲಿನ ನಿಯಮದ ಮೇಲೆ ನಿಂತಿದೆ. ಗಡುವು ಮುಗಿದಿದ್ದರೆ ತುಂಬಿಸುವುದಿಲ್ಲ, ಅಷ್ಟೇ.

ಸಿಲಿಂಡರ್‌ನ ಹೊರಮೈ ಕೂಡ ಮಾತಾಡುತ್ತದೆ. ಒಮ್ಮೆ ಒಬ್ಬರು ಬಣ್ಣ ಹೊಸದಾಗಿ ಹಾಕಿಸಿದ ಅಲ್ಯೂಮಿನಿಯಂ ಬಾಟಲಿ ತಂದರು. ಪೌಡರ್ ಕೋಟಿಂಗ್. ನೋಡಲು ಬಲು ಚೆನ್ನ. ಪೌಡರ್ ಕೋಟಿಂಗ್ ಅಂದರೆ ಓವನ್‌ನಲ್ಲಿ 200 ಡಿಗ್ರಿ ಆಸುಪಾಸು ಬಿಸಿ ಮಾಡುವುದು. ಈ ಬಾಟಲಿಗಳ ಅಲ್ಯೂಮಿನಿಯಂಗೆ ಗಟ್ಟಿತನ ಬಂದಿರುವುದೇ ಲೆಕ್ಕ ಹಾಕಿ ಕೊಟ್ಟ ಶಾಖದಿಂದ. ಮತ್ತೆ ಬೇಯಿಸಿದರೆ ಆ ಗಟ್ಟಿತನ ಹೋಗುತ್ತದೆ, ಹೊರಗಿನಿಂದ ಒಂದು ಗೆರೆಯೂ ಕಾಣದು. ಅವರಿಗೆ ಬೇಸರವಾಯಿತು, ಆದರೆ ಆ ಬಾಟಲಿಗೆ ಗಾಳಿ ಹಾಕಲಿಲ್ಲ. ಸಿಲಿಂಡರ್ ಕತ್ತರಿಸಿ ಉದ್ದ ಮಾಡಿಸುವುದು, ಲೇತ್‌ನಲ್ಲಿ ಥ್ರೆಡ್ ಮತ್ತೆ ಹೊಡೆಸುವುದು, ವೆಲ್ಡಿಂಗ್, ಇವೂ ಅದೇ ಸಾಲಿಗೆ ಸೇರಿದವು. ದೊಡ್ಡ ಸಿಲಿಂಡರ್ ಬೇಕಿದ್ದರೆ ರೈಫಲ್ ತಯಾರಕರು ಅದೇ ಮಾಡೆಲ್‌ಗೆ ಕೊಡುವುದನ್ನೇ ತೆಗೆದುಕೊಳ್ಳಿ.

ಒಳಗೆ ಹೋಗುವ ಗಾಳಿ ಒಣಗಿರಬೇಕು. ಇದನ್ನು ಕಡೆಗಣಿಸುವವರೇ ಜಾಸ್ತಿ. 20 ಡಿಗ್ರಿಯಲ್ಲಿ ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ 17 ಗ್ರಾಂ ನೀರು ಇರುತ್ತದೆ. 7 ಲೀಟರ್ ಟ್ಯಾಂಕ್‌ಗೆ 300 ಬಾರ್ ತುಂಬಲು ಸುಮಾರು 2 ಘನ ಮೀಟರ್ ಗಾಳಿ ಬೇಕು. ಒಣಗಿಸದೆ ತುಂಬಿದರೆ 30 ಗ್ರಾಂ ದಾಟಿ ನೀರು ಒಳಗೆ ಹೋಗಬಹುದು. ಸ್ಟೀಲ್ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ, ರೆಗ್ಯುಲೇಟರ್‌ನ ಸೀಟ್ ಹಾಳಾಗುತ್ತದೆ, ಪೆಲೆಟ್ ವೇಗ ಒಂದೊಂದು ಸಲ ಒಂದೊಂದು ಥರ. ಕೈ ಪಂಪ್ ಇರಲಿ, ಸಣ್ಣ ಕಂಪ್ರೆಸರ್ ಇರಲಿ, ಅದರ ಹೊರದಾರಿಗೆ ತೇವ ಹೀರುವ ಫಿಲ್ಟರ್ ಬೇಕೇ ಬೇಕು. ಕಂಪ್ರೆಸರ್‌ನ ಬ್ಲೀಡ್ ವಾಲ್ವನ್ನು ನಡುನಡುವೆ ತೆರೆದು ನೀರು ಹೊರಗೆ ಬಿಡಬೇಕು. ಟೈರ್‌ಗೆ ಗಾಳಿ ಹಾಕುವ ಕಂಪ್ರೆಸರ್ ಬಗ್ಗೆಯೂ ಕೇಳುತ್ತಾರೆ. ಅದು ಕೊಡುವುದು 10 ಬಾರ್ ಆಸುಪಾಸು, ಇಲ್ಲಿ ಕೆಲಸಕ್ಕೆ ಬಾರದು.

ಆಕ್ಸಿಜನ್ ಸಿಲಿಂಡರ್‌ನಿಂದ ತುಂಬಿಸುವ ಯೋಚನೆ ಕೂಡ ಮಾಡಬೇಡಿ. ಒಳಗಿರುವ ಗ್ರೀಸ್, ಓ-ರಿಂಗ್ ಎಲ್ಲವೂ ಅಲ್ಲಿ ಉರುವಲು. ಬರೀ ಗಾಳಿಯಲ್ಲೂ ಸಾಮಾನ್ಯ ಎಣ್ಣೆ ಅಪಾಯವೇ. ಒತ್ತಡದ ಗಾಳಿ ಸರಕ್ಕನೆ ನುಗ್ಗಿದಾಗ ತುದಿಯಲ್ಲಿ ಬಿಸಿ ಏರುತ್ತದೆ, ಡೀಸೆಲ್ ಎಂಜಿನ್‌ನಲ್ಲಿ ಆಗುವ ಹಾಗೆ ಎಣ್ಣೆ ಹೊತ್ತಿಕೊಳ್ಳಬಹುದು. ಗಾಳಿ ತಾಗುವ ಸೀಲ್‌ಗೆ ಶುದ್ಧ ಸಿಲಿಕೋನ್ ಗ್ರೀಸ್, ಅದೂ ತೆಳ್ಳಗೆ ಒಂದು ಪದರ.

ನಿಧಾನ ತುಂಬಿಸಿ ಅಂತ ನಾನು ಹೇಳುತ್ತಲೇ ಇರುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು, ಬೇಗ ತುಂಬಿದರೆ ನಿಮಗೇ ನಷ್ಟ. ಬಿಸಿಯಾಗಿ 50 ಡಿಗ್ರಿಯಲ್ಲಿ 200 ತೋರಿಸಿದ ಸಿಲಿಂಡರ್, 20 ಡಿಗ್ರಿಗೆ ತಣ್ಣಗಾದಾಗ 181ಕ್ಕೆ ಬಂದು ನಿಲ್ಲುತ್ತದೆ. "ಸೋರ್ತಿದೆ ಸರ್" ಅಂತ ತರುವ ರೈಫಲ್‌ಗಳಲ್ಲಿ ಇಂಥವೂ ಇರುತ್ತವೆ. ಮುಳ್ಳು ಏರುವುದನ್ನು ಆರಾಮಾಗಿ ನೋಡುವಷ್ಟು ನಿಧಾನವಾಗಿ ವಾಲ್ವ್ ತೆರೆಯಿರಿ. ಮುಗಿದ ಮೇಲೆ ಟ್ಯಾಂಕ್ ಮುಚ್ಚಿ, ಹೋಸ್‌ನ ಗಾಳಿಯನ್ನು ಬ್ಲೀಡ್ ಸ್ಕ್ರೂನಿಂದ ಪೂರ್ತಿ ಬಿಟ್ಟು, ಆಮೇಲೆ ಕಪ್ಲರ್ ಕೀಳಿ.

ಬಿಚ್ಚುವವರಿಗೆ ಒಂದು ಮಾತು. ರೆಗ್ಯುಲೇಟರ್ ಇರುವ ರೈಫಲ್‌ನಲ್ಲಿ ಗೇಜ್ ಸೊನ್ನೆ ತೋರಿಸಿದರೆ ರೈಫಲ್ ಖಾಲಿ ಅಂತ ಅರ್ಥ ಅಲ್ಲ. ಗೇಜ್ ಸಿಲಿಂಡರ್ ಕಡೆ ಇದ್ದರೆ, ರೆಗ್ಯುಲೇಟರ್ ಮತ್ತು ವಾಲ್ವ್ ನಡುವಿನ ಜಾಗದಲ್ಲಿ ಗಾಳಿ ಉಳಿದಿರಬಹುದು. ಒಳಗೆ ಪೆಲೆಟ್ ಇಲ್ಲ ಅಂತ ನೋಡಿಕೊಂಡು, ನಳಿಕೆಯ ಬಾಯಿ ಗುರಿಯ ಕಡೆಗೇ ಇಟ್ಟು, ಸದ್ದು ಸತ್ತುಹೋಗುವವರೆಗೆ ಖಾಲಿ ಹೊಡೆಯಿರಿ. ತಯಾರಕರು ಗಾಳಿ ಬಿಡಲು ಬೇರೆ ಸ್ಕ್ರೂ ಕೊಟ್ಟಿದ್ದರೆ ಅದನ್ನೂ ಬಳಸಿ. ಗಾಳಿ ಇರುವಾಗ ಯಾವ ಫಿಟ್ಟಿಂಗನ್ನೂ ಬಿಗಿ ಮಾಡಲೂಬಾರದು, ಸಡಿಲ ಮಾಡಲೂಬಾರದು.

ಹುಡುಗ ಕೊನೆಗೆ 300ರ ಟ್ಯಾಂಕ್, ರೆಗ್ಯುಲೇಟರ್, ಹೊಸ ಹೋಸ್ ತೆಗೆದುಕೊಂಡ. ರೈಫಲ್‌ನಲ್ಲಿ ಓ-ರಿಂಗ್ ಬಿಟ್ಟು ಏನೂ ಬದಲಿಸಲಿಲ್ಲ. ಮೊದಲ ಸಲ 50ಕ್ಕೆ ನಿಲ್ಲಿಸಿದೆವು. ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಿದೆವು. ಆಮೇಲೆ 100, ಮತ್ತೆ ಗುಳ್ಳೆ, ಆಮೇಲೆ 200. ರಾತ್ರಿಯಿಡೀ ಹಾಗೇ ಇಡಲು ಹೇಳಿದೆ. ಬೆಳಿಗ್ಗೆ ಫೋನ್ ಮಾಡಿ, "193ಕ್ಕೆ ಇಳಿದಿದೆ ಸರ್" ಅಂದ. ತುಂಬಿದಾಗ ರೂಮಿನಲ್ಲಿ 28 ಡಿಗ್ರಿ ಇತ್ತು, ಬೆಳಿಗ್ಗೆ 18. ಅಷ್ಟು ಚಳಿಗೆ ಅಷ್ಟು ಇಳಿಯಲೇಬೇಕು. ಮಧ್ಯಾಹ್ನ ಬಿಸಿಲೇರಿ ರೂಮು ಮತ್ತೆ 28ಕ್ಕೆ ಬಂದಾಗ ಗೇಜ್ ಓದು, ಆಗಲೂ ಕಡಿಮೆ ಇದ್ದರೆ ಗಾಳಿ ಪೂರ್ತಿ ಬಿಟ್ಟು ತಗೊಂಡು ಬಾ ಅಂದೆ. ಅವನು ಬರಲಿಲ್ಲ, 199 ಅಂತ ಮೆಸೇಜ್ ಬಂತು.