ಯಾವ ಸರ್ವರ್ ಸರ್ಟಿಫಿಕೇಟ್? ಐದು ವಾರಗಳ ಲ್ಯಾಬ್ ಲಾಗ್

ವಾರ 1: ಪಟ್ಟಿ ಸಣ್ಣದಾಯಿತು

ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಯಾವ ಸರ್ಟಿಫಿಕೇಟ್ ಪರೀಕ್ಷೆ ಬರೆಯಬೇಕು ಎಂಬುದು ಪ್ರಶ್ನೆ. ಶುರುವಿಗೆ ಪಟ್ಟಿಯಲ್ಲಿದ್ದದ್ದು ಐದು: ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ, ಲಿನಕ್ಸ್ ಫೌಂಡೇಶನ್‌ನ ಎಲ್‌ಎಫ್‌ಸಿಎಸ್, ಲಿನಕ್ಸ್ ಪ್ರೊಫೆಷನಲ್ ಇನ್‌ಸ್ಟಿಟ್ಯೂಟ್‌ನ ಎಲ್‌ಪಿಐಸಿ-1, ಕಾಂಪ್‌ಟಿಯಾದ ಸರ್ವರ್ ಪ್ಲಸ್, ಮೈಕ್ರೋಸಾಫ್ಟ್‌ನ ವಿಂಡೋಸ್ ಸರ್ವರ್ ಹೈಬ್ರಿಡ್ ಅಡ್ಮಿನಿಸ್ಟ್ರೇಟರ್.

ವಿಂಡೋಸ್ ಮೊದಲ ದಿನವೇ ಹೊರಬಿತ್ತು. ಮೈಕ್ರೋಸಾಫ್ಟ್‌ನ ಹಿಂದಿನ ಸರ್ಟಿಫಿಕೇಟ್ ಎಂಸಿಎಸ್‌ಎ 2021ರ ಜನವರಿ 31ಕ್ಕೇ ಮುಗಿದ ಕಥೆ (ಅದರ ಹಳೆಯ ಗೈಡುಗಳು ಮಾತ್ರ ಇನ್ನೂ ಕೈಯಿಂದ ಕೈಗೆ ಓಡಾಡುತ್ತಿವೆ). ಆ ಜಾಗಕ್ಕೆ ಬಂದದ್ದು ಎಝಡ್-800, ಎಝಡ್-801 ಎಂಬ ಜೋಡಿ ಪರೀಕ್ಷೆ. ಆಕ್ಟಿವ್ ಡೈರೆಕ್ಟರಿಯ (ವಿಂಡೋಸ್ ಜಾಲದ ಬಳಕೆದಾರರ ನಿರ್ವಹಣೆ) ಜೊತೆಗೆ ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಝೂರ್ ಕೂಡ ಗೊತ್ತಿರಬೇಕು. ನೋಡಿಕೊಳ್ಳುವ ಮಷಿನುಗಳು ಲಿನಕ್ಸ್ ಆಗಿದ್ದರೆ ಅದರ ಗೊಡವೆಯೇ ಬೇಡ.

ಸರ್ವರ್ ಪ್ಲಸ್ ರ‍್ಯಾಕ್, ಪವರ್, ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವುದು), ಹಾರ್ಡ್‌ವೇರ್ ದೋಷ ಪತ್ತೆಯ ಕಡೆಗೆ ವಾಲಿದ್ದು. ನಾಲ್ಕು ಟಿಬಿಯ ನಾಲ್ಕು ಡಿಸ್ಕ್‌ಗಳನ್ನು ರೇಡ್ 5ರಲ್ಲಿ ಹಾಕಿದರೆ 12 ಟಿಬಿ ಸಿಗುತ್ತದೆ, ರೇಡ್ 6ರಲ್ಲಿ 8 ಟಿಬಿ. ಈ ಬಗೆಯ ಲೆಕ್ಕ ಡೇಟಾ ಸೆಂಟರ್‌ನಲ್ಲಿ ನಿಂತು ಕೆಲಸ ಮಾಡುವವರಿಗೆ ದಿನನಿತ್ಯದ್ದು. ಒಮ್ಮೆ ಪಾಸಾದರೆ ಅವಧಿ ಮುಗಿಯುವುದಿಲ್ಲ ಎಂಬುದು ಅದರ ದೊಡ್ಡ ಆಕರ್ಷಣೆ. ಆದರೆ ಇಲ್ಲಿ ಬೇಕಿರುವುದು ಕಮಾಂಡ್ ಲೈನ್ ಕೆಲಸ. ಬಿಟ್ಟಾಯಿತು.

ವಾರ 2: ಉಳಿದ ಮೂರು

ಎಲ್‌ಪಿಐಸಿ-1ಕ್ಕೆ 101 ಮತ್ತು 102 ಎಂದು ಎರಡು ಪರೀಕ್ಷೆ. ಒಂದೊಂದಕ್ಕೂ 90 ನಿಮಿಷ, 60 ಪ್ರಶ್ನೆ. 800ಕ್ಕೆ 500 ಬಂದರೆ ಪಾಸು, ಐದು ವರ್ಷ ಊರ್ಜಿತ. ಸಿಲಬಸ್‌ನಲ್ಲಿ ಪ್ರತಿ ವಿಷಯದ ಪಕ್ಕ ತೂಕದ ಅಂಕಿ ಇರುತ್ತದೆ. ಒಂದು ಪರೀಕ್ಷೆಯವನ್ನು ಒಟ್ಟು ಕೂಡಿದರೆ 60, ಅಂದರೆ ಯಾವುದರಿಂದ ಎಷ್ಟು ಪ್ರಶ್ನೆ ಬರಬಹುದು ಎಂಬುದು ಅಲ್ಲೇ ಬರೆದಿದೆ. ಸಾಫ್ಟ್‌ವೇರ್ ಹಾಕುವ ಸಾಧನಗಳಾದ ಡೆಬಿಯನ್ನಿನ ಎಪಿಟಿ, ರೆಡ್ ಹ್ಯಾಟ್ ಕಡೆಯ ಆರ್‌ಪಿಎಂ ಎರಡನ್ನೂ ಕೇಳುತ್ತಾರೆ, ಅದು ಒಳ್ಳೆಯದೇ. ತೊಡಕು ಒಂದೇ: ಆಯ್ಕೆ ಮಾಡುವ ಮತ್ತು ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳು. ಕಮಾಂಡಿನ ಹೆಸರು ನೆನಪಿದ್ದವರು ಮಷಿನ್ ಮುಟ್ಟದೆಯೂ ದಾಟಬಹುದು.

ಎಲ್‌ಎಫ್‌ಸಿಎಸ್ ಮತ್ತು ಆರ್‌ಎಚ್‌ಸಿಎಸ್‌ಎ ಎರಡರಲ್ಲೂ ಖಾಲಿ ಟರ್ಮಿನಲ್ ಕೊಟ್ಟು ಕೆಲಸ ಮಾಡಿಸುತ್ತಾರೆ. ಎಲ್‌ಎಫ್‌ಸಿಎಸ್‌ಗೆ ಎರಡು ಗಂಟೆ. ಸೋತರೆ ಇನ್ನೊಂದು ಅವಕಾಶ ಶುಲ್ಕದಲ್ಲೇ ಸೇರಿದೆ. ಊರ್ಜಿತ ಇರುವುದು 24 ತಿಂಗಳು. ವ್ಯಾಪ್ತಿ ದೊಡ್ಡದು: ಗಿಟ್, ವರ್ಚುವಲ್ ಮಷಿನ್, ಕಂಟೇನರ್, ರಿವರ್ಸ್ ಪ್ರಾಕ್ಸಿ, ಬ್ರಿಡ್ಜ್, ಬಾಂಡಿಂಗ್ ಎಲ್ಲವೂ ಇದೆ. ಕಾರ್ಯಾಚರಣೆಗೆ ಶೇ. 25, ನೆಟ್‌ವರ್ಕಿಂಗ್‌ಗೆ 25, ಸ್ಟೋರೇಜ್ ಮತ್ತು ಮೂಲ ಕಮಾಂಡ್‌ಗಳಿಗೆ ತಲಾ 20, ಬಳಕೆದಾರರು ಮತ್ತು ಗುಂಪುಗಳಿಗೆ 10.

ಆರ್‌ಎಚ್‌ಸಿಎಸ್‌ಎ ಅಂದರೆ ಇಎಕ್ಸ್200 ಪರೀಕ್ಷೆ. 300ಕ್ಕೆ 210 ಬೇಕು, ಮೂರು ವರ್ಷ ಊರ್ಜಿತ. ಇಂಟರ್ನೆಟ್ ಇಲ್ಲ, ಮಷಿನ್‌ನಲ್ಲಿರುವ ಮ್ಯಾನ್ ಪುಟಗಳೇ (ಕಮಾಂಡ್‌ಗಳ ಕೈಪಿಡಿ) ಗತಿ. ವ್ಯಾಪ್ತಿ ಚಿಕ್ಕದು, ಆದರೆ ಒಂದು ನಿಯಮ ಇಡೀ ಪರೀಕ್ಷೆಯನ್ನು ಬಿಗಿ ಮಾಡುತ್ತದೆ: ಮಾಡಿದ್ದೆಲ್ಲ ರೀಬೂಟ್ ಆದ ಮೇಲೂ, ಯಾರೂ ಕೈಹಾಕದೆ, ನಿಂತಿರಬೇಕು.

ಆಯ್ಕೆ ನಿರ್ಧಾರವಾದದ್ದು ಈ ನಿಯಮದಿಂದಲೇ. ಸರ್ವರ್ ಕೆಲಸದಲ್ಲಿ ನಡುರಾತ್ರಿ ಎಬ್ಬಿಸುವ ತೊಂದರೆಗಳಲ್ಲಿ ಬಹಳಷ್ಟು ‘ನಿನ್ನೆ ಸರಿಯಿತ್ತು, ರೀಬೂಟ್ ಆದ ಮೇಲೆ ಕೆಟ್ಟಿತು’ ಎಂಬ ಜಾತಿಯವು. ಅದನ್ನೇ ಅಳೆಯುವ ಪರೀಕ್ಷೆಗೆ ಓದುವುದು ಹೆಚ್ಚು ಲಾಭ. ಮುಂದೆ ಅನ್ಸಿಬಲ್ (ಹಲವು ಮಷಿನ್‌ಗಳ ಕೆಲಸವನ್ನು ತಾನಾಗಿ ಮಾಡಿಸುವ ಸಾಧನ) ಆಧಾರಿತ ಇಎಕ್ಸ್294 ಬರೆದು ರೆಡ್ ಹ್ಯಾಟ್‌ನ ಮುಂದಿನ ಮಟ್ಟದ ಆರ್‌ಎಚ್‌ಸಿಇ ಆಗಬೇಕಿದ್ದರೂ ಆರ್‌ಎಚ್‌ಸಿಎಸ್‌ಎ ಬೇಕೇ ಬೇಕು. ಹಾಗಾಗಿ ಇಎಕ್ಸ್200. ಎಲ್‌ಎಫ್‌ಸಿಎಸ್ ಮುಂದಕ್ಕೆ.

ಬುಕ್ ಮಾಡುವ ಮುನ್ನ ಆವೃತ್ತಿ ನೋಡಬೇಕು. ರೆಡ್ ಹ್ಯಾಟ್ ಲಿನಕ್ಸ್‌ನ 9ನೇ ಆವೃತ್ತಿಯ ಪರೀಕ್ಷಾ ಪಟ್ಟಿಯಲ್ಲಿ ಪಾಡ್‌ಮನ್ ಕಂಟೇನರ್‌ಗಳಿವೆ (ಆ್ಯಪ್‌ಗಳನ್ನು ಪ್ರತ್ಯೇಕವಾಗಿ ಓಡಿಸುವ ಪೊಟ್ಟಣಗಳು). 10ರಲ್ಲಿ ಅವು ಹೋಗಿ ಫ್ಲಾಟ್‌ಪ್ಯಾಕ್ (ಆ್ಯಪ್ ಹಂಚುವ ಇನ್ನೊಂದು ಬಗೆ) ಬಂದಿದೆ. ಒಂದನ್ನು ಓದಿ ಇನ್ನೊಂದಕ್ಕೆ ಕೂತರೆ ಆ ಅಂಕಗಳು ಹೋದಂತೆಯೇ. ಈ ಲ್ಯಾಬ್ 9ರ ಮೇಲೆ.

ವಾರ 3: ಲ್ಯಾಬ್

ಎರಡು ವರ್ಚುವಲ್ ಮಷಿನ್. ಒಂದೊಂದಕ್ಕೆ 2 ಸಿಪಿಯು, 2 ಜಿಬಿ ರ‍್ಯಾಮ್, 20 ಜಿಬಿ ಸಿಸ್ಟಂ ಡಿಸ್ಕ್, ಜೊತೆಗೆ 5 ಜಿಬಿಯ ಎರಡು ಖಾಲಿ ಡಿಸ್ಕ್. ಇನ್‌ಸ್ಟಾಲ್ ಆದ ಕೂಡಲೇ ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಪ್ರತಿ). ಪ್ರತಿ ಅಭ್ಯಾಸವೂ ಅಲ್ಲಿಂದಲೇ ಶುರು. ರೆಡ್ ಹ್ಯಾಟ್‌ನ ಉಚಿತ ಡೆವಲಪರ್ ಸಬ್‌ಸ್ಕ್ರಿಪ್ಶನ್ ವ್ಯಕ್ತಿಗತವಾಗಿ 16 ಮಷಿನ್‌ಗಳವರೆಗೆ ಸಾಕಾಗುತ್ತದೆ. ಅದು ಬೇಡವೆಂದರೆ ಅದಕ್ಕೆ ಹೊಂದುವ ಉಚಿತ ರಾಕಿ ಅಥವಾ ಆಲ್ಮಾ ಲಿನಕ್ಸ್.

ನೆಟ್‌ವರ್ಕನ್ನು ಹೊರಗಿನಿಂದ ಪೂರ್ತಿ ಕಡಿದು, ಡಿವಿಡಿ ಇಮೇಜನ್ನೇ ರೆಪೊ (ಪ್ಯಾಕೇಜ್‌ಗಳು ಸಿಗುವ ಜಾಗ) ಮಾಡಿಕೊಂಡದ್ದು. ಇಲ್ಲೇ ಮೊದಲ ಎಡವಟ್ಟು: ಇಮೇಜಿನೊಳಗೆ ಬೇಸ್‌ಓಎಸ್, ಆ್ಯಪ್‌ಸ್ಟ್ರೀಮ್ ಎಂದು ಎರಡು ಡೈರೆಕ್ಟರಿಗಳಿವೆ. ಬೇಸ್‌ಓಎಸ್ ಒಂದನ್ನೇ ಸೇರಿಸಿದರೆ ಎಚ್‌ಟಿಟಿಪಿಡಿ (ಅಪಾಚೆ ವೆಬ್ ಸರ್ವರ್) ಪ್ಯಾಕೇಜ್ ಸಿಗುವುದಿಲ್ಲ, ಅದು ಆ್ಯಪ್‌ಸ್ಟ್ರೀಮ್‌ನಲ್ಲಿದೆ. ಎರಡಕ್ಕೂ ರೆಪೊ ಫೈಲಿನಲ್ಲಿ ಬೇರೆ ಬೇರೆ ವಿಭಾಗ, ಬೇರೆ ಬೇರೆ ಬೇಸ್‌ಯುಆರ್‌ಎಲ್ (ವಿಳಾಸ) ಬೇಕು.

ವಾರ 4: ರೀಬೂಟ್ ಆದಾಗ ಬಿದ್ದವು

ಬೂಟ್‌ನಲ್ಲಿ ಯಾವ ಡಿಸ್ಕ್ ಎಲ್ಲಿ ಸೇರಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಒಂದು ಅಕ್ಷರ ತಪ್ಪಿದರೆ ಮಷಿನ್ ಎಮರ್ಜೆನ್ಸಿ ಮೋಡ್‌ಗೆ ಬಿದ್ದು ಅಲ್ಲೇ ನಿಲ್ಲುತ್ತದೆ. ಆ ಮಷಿನ್‌ನ ಮಿಕ್ಕ ಕೆಲಸವೆಲ್ಲ ನೀರುಪಾಲು. ಡಿವೈಸ್ ಹೆಸರು ಹಾಕಬಾರದು, ಡಿಸ್ಕ್ ಕ್ರಮ ಬದಲಾಗಬಹುದು, ಫೈಲ್‌ಸಿಸ್ಟಂನ ಗುರುತು ಸಂಖ್ಯೆಯಾದ ಯುಯುಐಡಿಯೇ ಸರಿ. ರೀಬೂಟ್‌ಗೆ ಮುಂಚೆ ‘ಮೌಂಟ್ -ಎ’ ಮತ್ತು ‘ಫೈಂಡ್‌ಮೌಂಟ್ --ವೆರಿಫೈ’ ಓಡಿಸಬೇಕು. ಸ್ವಾಪ್ (ರ‍್ಯಾಮ್‌ಗೆ ನೆರವಾಗುವ ಡಿಸ್ಕ್ ಜಾಗ) ಸಾಲನ್ನು ಮೌಂಟ್ -ಎ ಮುಟ್ಟುವುದೇ ಇಲ್ಲ, ಅದಕ್ಕೆ ‘ಸ್ವಾಪ್‌ಆನ್ -ಎ’.

ಡಿಸ್ಕ್ ಜಾಗವನ್ನು ಹಂಚುವ ಎಲ್‌ವಿಎಂನಲ್ಲಿ ‘8 ಎಂಬಿಯ 60 ಎಕ್ಸ್‌ಟೆಂಟ್’ (ತುಂಡು) ಎಂದು ಕೇಳಿದರೆ ಬೇಕಿರುವುದು 480 ಎಂಬಿ. ವಾಲ್ಯೂಮ್ ಗ್ರೂಪ್ ಮಾಡುವಾಗ ಎಕ್ಸ್‌ಟೆಂಟ್ ಅಳತೆ ಹೇಳದಿದ್ದರೆ ಡೀಫಾಲ್ಟ್ 4 ಎಂಬಿ, ಆಗ ಸಿಗುವುದು 240. ಕಮಾಂಡಿನಲ್ಲಿ ಎಣಿಕೆಗೆ ಸಣ್ಣ ಎಲ್, ಗಾತ್ರಕ್ಕೆ ದೊಡ್ಡ ಎಲ್. ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಂ ಹಾಕಿದ ಮೇಲೆ ದೊಡ್ಡದು ಮಾಡಬಹುದು, ಚಿಕ್ಕದು ಮಾಡಲಾಗದು.

ಫೈರ್‌ವಾಲ್‌ನಲ್ಲಿ ‘--ಪರ್ಮನೆಂಟ್’ ಬಿಟ್ಟರೆ ಈಗ ಕೆಲಸ ಮಾಡುತ್ತದೆ, ರೀಬೂಟ್‌ಗೆ ಮಾಯ. ಹಾಕಿ ರೀಲೋಡ್ ಮರೆತರೆ ತದ್ವಿರುದ್ಧ. ನೆಟ್‌ವರ್ಕ್ ಹೊಂದಿಸುವ ಎನ್‌ಎಂಸಿಎಲ್‌ಐನಲ್ಲಿ ಐಪಿ ಕೊಟ್ಟು ವಿಧಾನವನ್ನು ‘ಮ್ಯಾನುಯಲ್’ ಮಾಡದಿದ್ದರೆ ಡಿಎಚ್‌ಸಿಪಿ ತಾನಾಗಿ ಕೊಟ್ಟ ವಿಳಾಸವೂ ಪಕ್ಕದಲ್ಲೇ ಕೂತಿರುತ್ತದೆ.

ಯಾವ ಪ್ರೋಗ್ರಾಂ ಏನನ್ನು ಮುಟ್ಟಬಹುದೆಂದು ಲೇಬಲ್‌ಗಳ ಮೂಲಕ ನಿಯಂತ್ರಿಸುವ ಎಸ್‌ಇಲಿನಕ್ಸ್‌ಗೆ ಹೆಚ್ಚು ಹೊತ್ತು ಹಿಡಿಯಿತು. ಅಪಾಚೆಯನ್ನು 82ನೇ ಪೋರ್ಟ್‌ಗೆ ಬದಲಿಸಿದರೆ ಸರ್ವಿಸ್ ಶುರುವಾಗುವುದಿಲ್ಲ. ‘ಸೆಟ್‌ಎನ್‌ಫೋರ್ಸ್ 0’ ಹಾಕಿ ಆ ತಡೆಯನ್ನು ಸಡಿಲಿಸಿದರೆ ಶುರುವಾಗುತ್ತದೆ, ಆದರೆ ಅದು ರೀಬೂಟ್‌ವರೆಗಿನ ಸಮಾಧಾನ. ಸರಿಯಾದದ್ದು ಸೆಮ್ಯಾನೇಜ್ ಪೋರ್ಟ್‌ನಲ್ಲಿ 82ನ್ನು ಎಚ್‌ಟಿಟಿಪಿ ಪೋರ್ಟ್ ಬಗೆಗೆ ಸೇರಿಸುವುದು. ಫೈಲ್‌ಗಳ ವಿಷಯದಲ್ಲಿ ಇನ್ನೂ ಸೂಕ್ಷ್ಮ ಬಲೆಯಿದೆ. ಸಿಎಚ್‌ಕಾನ್ ಕಮಾಂಡ್‌ನಿಂದ ಹಾಕಿದ ಲೇಬಲ್ ಮಾಮೂಲಿ ರೀಬೂಟ್ ದಾಟುತ್ತದೆ, ಆದ್ದರಿಂದ ಸರಿಯೆಂದೇ ಅನಿಸುತ್ತದೆ. ಆದರೆ ರೂಟ್ ಪಾಸ್‌ವರ್ಡ್ ಬದಲಿಸಲು ಗ್ರಬ್‌ನಲ್ಲಿ (ಬೂಟ್ ಮೆನು) ‘ಇನಿಟ್’ಗೆ ಬ್ಯಾಶ್ ಕೊಟ್ಟು ಬೂಟ್ ಮಾಡಿ, ರೂಟನ್ನು ಬರೆಯಲು ಬರುವಂತೆ ರೀಮೌಂಟ್ ಮಾಡಿ, ಪಾಸ್‌ವರ್ಡ್ ಹಾಕಿ, ಕೊನೆಗೆ ಆಟೋರೀಲೇಬಲ್ ಫೈಲ್ ಸೃಷ್ಟಿಸುತ್ತೇವಲ್ಲ, ಮುಂದಿನ ಬೂಟ್‌ನಲ್ಲಿ ಅದು ಎಲ್ಲವನ್ನೂ ಪಾಲಿಸಿಯಂತೆ ತಿದ್ದಿ ಸಿಎಚ್‌ಕಾನ್ ಮಾಡಿದ್ದನ್ನು ಅಳಿಸಿಬಿಡುತ್ತದೆ. ಆ ಫೈಲ್ ಮರೆತರೆ ಪಾಸ್‌ವರ್ಡ್‌ಗಳಿರುವ ಶ್ಯಾಡೋ ಫೈಲಿನ ಲೇಬಲ್ ತಪ್ಪಿ ಲಾಗಿನ್ನೇ ಆಗದಿರಬಹುದು. ಆದ್ದರಿಂದ ಪಾಸ್‌ವರ್ಡ್ ಕೆಲಸ ಮೊದಲು, ಲೇಬಲ್‌ಗಳೆಲ್ಲ ‘ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್’ ಮತ್ತು ‘ರಿಸ್ಟೋರ್‌ಕಾನ್’ ಜೋಡಿಯಿಂದಲೇ.

ವಾರ 5: ಸದ್ಯದ ಸ್ಥಿತಿ

ಸಾಮಾನ್ಯ ಬಳಕೆದಾರನ ಕಂಟೇನರ್ ಬೂಟ್‌ನಲ್ಲಿ ತಾನಾಗಿ ಏಳಲಿಲ್ಲ. ಸರ್ವಿಸ್ ಎನೇಬಲ್ ಆಗಿತ್ತು, ಲಿಂಗರ್ (ಲಾಗಿನ್ ಇಲ್ಲದೆಯೂ ಆ ಬಳಕೆದಾರನ ಸರ್ವಿಸ್ ಓಡುವ ಅನುಮತಿ) ಆಗಿರಲಿಲ್ಲ; ‘ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್’ ಹಾಕಿದ ಮೇಲೆ ಸರಿ. ರೂಟ್‌ನಿಂದ ಎಸ್‌ಯು ಮಾಡಿ ಆ ಬಳಕೆದಾರನಾದರೆ ಯೂಸರ್ ಸರ್ವಿಸ್ ಕಮಾಂಡ್‌ಗಳು ‘ಬಸ್‌ಗೆ ಸಂಪರ್ಕ ಸಿಗಲಿಲ್ಲ’ ಎನ್ನುತ್ತವೆ, ಎಸ್‌ಎಸ್‌ಎಚ್‌ನಿಂದ ನೇರ ಲಾಗಿನ್ ಆದರೆ ಈ ರಗಳೆ ಇಲ್ಲ.

ಬಾಕಿ: ಬೇಕಾದಾಗ ತಾನಾಗಿ ಮೌಂಟ್ ಮಾಡುವ ಆಟೋಎಫ್‌ಎಸ್‌ನ ವೈಲ್ಡ್‌ಕಾರ್ಡ್ ಮ್ಯಾಪ್, ಟೈಮ್ ಸಿಂಕ್‌ಗೆ ಕ್ರೋನಿ. ಇವೆರಡೂ ಸೇರಿದ ಮೇಲೆ ಇಡೀ ಪಟ್ಟಿಯನ್ನು ಹೊಸ ಸ್ನ್ಯಾಪ್‌ಶಾಟ್‌ನಿಂದ ಮೂರು ಸಲ, ಪ್ರತಿ ಸಲ ಎರಡೆರಡು ರೀಬೂಟ್. ಮೂರೂ ಸಲ ಏನೂ ಬೀಳದಿದ್ದರೆ ಪರೀಕ್ಷೆಯ ದಿನ ಬುಕ್ ಮಾಡುವುದು.