ಹನ್ನೆರಡು ಸಾಹಸ ಕಾದಂಬರಿ, ಒಂದು ನೋಟ್‌ಬುಕ್: ಆರು ತಿಂಗಳ ಲೆಕ್ಕ

ಜನವರಿ 6

ಈ ವರ್ಷ ಹಿಡಿದಿರುವ ಕೆಲಸ ಇದು. ತಿಂಗಳಿಗೆ ಒಂದರಂತೆ ಹನ್ನೆರಡು ಐತಿಹಾಸಿಕ ಸಾಹಸ ಕಾದಂಬರಿ ಓದಬೇಕು. ಎಲ್ಲವೂ ಹದಿಹರೆಯದವರಿಗೆ ಅಂತಲೇ ಬರೆದವು. ಒಂದೊಂದಕ್ಕೂ ಕನ್ನಡದಲ್ಲಿ ಎರಡು ಪುಟದ ವಿಮರ್ಶೆ ಬರೆಯಬೇಕು. ಅದಕ್ಕೆ ಅಂತಲೇ ಇನ್ನೂರು ಪುಟದ ಲಾಂಗ್ ನೋಟ್‌ಬುಕ್ ತಂದಿದ್ದೇನೆ.

ನನ್ನ ಜೊತೆಗೆ ಓದುವವಳು ಅಕ್ಕನ ಮಗಳು ಪುಟ್ಟಿ. ಹದಿಮೂರು ವರ್ಷ. ಅವರ ಮನೆ ಇಲ್ಲೇ ಮೈಸೂರಿನಲ್ಲಿ, ನಮ್ಮಿಂದ ಎರಡು ಬೀದಿ ಆಚೆ. ಶನಿವಾರ ಸಂಜೆ ಬಂದರೆ ಭಾನುವಾರ ಊಟ ಮುಗಿಸಿಯೇ ಹೋಗುವುದು. ಇಂಗ್ಲಿಷ್ ಚೆನ್ನಾಗಿ ಓದುತ್ತಾಳೆ, ಆದರೆ ನೂರು ವರ್ಷದ ಹಿಂದಿನ ಇಂಗ್ಲಿಷ್ ಅಂದರೆ ಅರ್ಧ ಪುಟಕ್ಕೇ ಮಡಚಿ ಇಡುತ್ತಾಳೆ. ಹಾಗಾಗಿ ನಾನು ಗಟ್ಟಿಯಾಗಿ ಓದುವುದು, ಕಷ್ಟದ ಕಡೆ ಅಲ್ಲೇ ಕನ್ನಡದಲ್ಲಿ ಹೇಳಿಕೊಂಡು ಹೋಗುವುದು ಅಂತ ಆಗಿದೆ. ಅಮ್ಮ ಪಕ್ಕದಲ್ಲಿ ಬತ್ತಿ ಹೊಸೆಯುತ್ತಾ ಕೇಳಿಸಿಕೊಳ್ಳುತ್ತಾರೆ.

ಜನವರಿ 28

ಮೊದಲ ಪುಸ್ತಕ ಸ್ಟೀವನ್‌ಸನ್ ಬರೆದ ‘ಟ್ರೆಷರ್ ಐಲ್ಯಾಂಡ್’. 1881ರ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಬ್ರೇಮಾರ್ ಎಂಬ ಊರಲ್ಲಿ ಮಳೆ ಹಿಡಿದು ಕೂತಿದ್ದಾಗ ಒಂದು ದ್ವೀಪದ ನಕ್ಷೆ ಬರೆದದ್ದು, ಅದರಿಂದ ಕಥೆ ಹುಟ್ಟಿದ್ದು. ಮೊದಲು ಮಕ್ಕಳ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು, 1883ರಲ್ಲಿ ಪುಸ್ತಕವಾಯಿತು.

ವಿಮರ್ಶೆ ನಾಲ್ಕು ಪುಟ ಆಯಿತು. ಪುಟ್ಟಿಗೆ ಓದಲು ಕೊಟ್ಟೆ. ‘ಚಿಕ್ಕಿ, ಕಥೆ ಪೂರ್ತಿ ಹೇಳಿಬಿಟ್ಟಿದ್ದೀಯಲ್ಲ. ಇನ್ನು ಯಾರು ಯಾಕೆ ಓದ್ತಾರೆ?’ ಅಂದಳು. ಸರಿ ಅನ್ನಿಸಿತು. ನಾಲ್ಕೂ ಪುಟ ಹರಿದು ಮತ್ತೆ ಬರೆದೆ. ಕಥೆಯ ಮೊದಲ ಮೂರನೇ ಒಂದು ಭಾಗದ ಆಚೆಗಿನ ಯಾವ ಗುಟ್ಟನ್ನೂ ನೋಟ್‌ಬುಕ್ಕಿನಲ್ಲಿ ಬಿಟ್ಟುಕೊಡಬಾರದು ಅಂತ ಅವತ್ತೇ ತೀರ್ಮಾನವಾಯಿತು. (ಈ ದಿನಚರಿಯಲ್ಲಿ ಅಲ್ಲಲ್ಲಿ ಆ ಕಟ್ಟು ಸಡಿಲ ಮಾಡಿದ್ದೇನೆ, ಇಲ್ಲದಿದ್ದರೆ ಹೇಳಬೇಕಾದ್ದು ಹೇಳಲು ಆಗುವುದಿಲ್ಲ.)

ಎರಡನೇ ಸಲ ಬರೆದಾಗ ಉಳಿದದ್ದು ಒಂದೇ ವಿಷಯ. ನಿಧಿ ಹುಡುಕಿ ಹೊರಟ ಹಡಗಿನಲ್ಲಿ ಜಿಮ್ ಎಂಬ ಹುಡುಗನನ್ನು ದೊಡ್ಡವನ ಹಾಗೆ ಮಾತಾಡಿಸುವವನು ಕಡಲ್ಗಳ್ಳರ ನಾಯಕ ಲಾಂಗ್ ಜಾನ್ ಸಿಲ್ವರ್. ಒಳ್ಳೆಯವರ ಕಡೆಯ ಯಾರಿಗೂ ಅಷ್ಟು ಪುರುಸೊತ್ತಿಲ್ಲ. ಅದಕ್ಕೇ ನಮಗೆ ಸಿಲ್ವರ್ ಮೇಲೆ ಸಿಟ್ಟೂ ಬರುತ್ತದೆ, ಅವನು ಸಾಯಬಾರದು ಅಂತಲೂ ಅನ್ನಿಸುತ್ತದೆ.

ಫೆಬ್ರವರಿ 24

‘ಜಾನಿ ಟ್ರಿಮೇನ್’. ಬರೆದವರು ಎಸ್ತರ್ ಫೋರ್ಬ್ಸ್, 1943. ಮಾರನೇ ವರ್ಷ ಅಮೆರಿಕದಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡುವ ನ್ಯೂಬೆರಿ ಪದಕ ಬಂತು. ಬಾಸ್ಟನ್ ನಗರ, 1773. ಬೆಳ್ಳಿ ಕೆಲಸ ಕಲಿಯುತ್ತಿರುವ ಹದಿನಾಲ್ಕರ ಹುಡುಗ. ಬಿರುಕು ಬಿಟ್ಟ ಮೂಸೆಯಿಂದ ಕಾದ ಬೆಳ್ಳಿ ಸುರಿದು ಕೈ ಸುಡುತ್ತದೆ, ಹೆಬ್ಬೆರಳು ಅಂಗೈಗೆ ಅಂಟಿಕೊಂಡು ಗಟ್ಟಿಯಾಗುತ್ತದೆ. ಆಮೇಲಿನ ಪುಟಗಳಲ್ಲಿ ಅವನು ಆ ಕೈಯನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡು ಕೆಲಸ ಕೇಳುತ್ತಾ ಅಂಗಡಿ ಅಂಗಡಿ ತಿರುಗುವುದನ್ನು ಓದುವಾಗ ಪುಟ್ಟಿ ತನ್ನ ಕೈಯನ್ನೇ ಮಡಚಿ ನೋಡಿಕೊಳ್ಳುತ್ತಿದ್ದಳು. ಬ್ರಿಟಿಷರ ತೆರಿಗೆ ವಿರೋಧಿಸಿ ಬಾಸ್ಟನ್ ಜನ ಬಂದರಿನಲ್ಲಿ ಚಹಾ ಪೆಟ್ಟಿಗೆ ಎಸೆದ ರಾತ್ರಿ ಡಿಸೆಂಬರ್ 16 ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಬಹುದು. ಈ ಕೈ ಮಾತ್ರ ಬಾಯಿಪಾಠಕ್ಕೆ ಸಿಗುವಂಥದ್ದಲ್ಲ. ಕೊನೆಯ ಭಾಗದಲ್ಲಿ ಭಾಷಣ ಸ್ವಲ್ಪ ಜಾಸ್ತಿ ಅನ್ನಿಸಿತು, ಬರೆದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ವಾ.

ಮಾರ್ಚ್ 17

ಮೂರನೇದು ಅರ್ಧಕ್ಕೆ ನಿಂತಿತು. ಹೆಸರು ಬೇಡ. ಬಟ್ಟೆ, ಕತ್ತಿ, ಕುದುರೆ ಎಲ್ಲಾ ಹಳೇ ಕಾಲದ್ದು, ಆದರೆ ನಾಯಕಿ ಯೋಚಿಸುವುದು, ಸಿಟ್ಟಾಗುವುದು ಎಲ್ಲಾ ಈಗಿನವರ ಹಾಗೆ. ಅವಳ ಕಾಲದ ಯಾವ ನಂಬಿಕೆಯೂ ಅವಳಿಗೆ ಅಂಟಿಲ್ಲ. ನೂರ ಹತ್ತನೇ ಪುಟದವರೆಗೂ ಅವಳಿಗೆ ಒಂದು ಸಲವೂ ಹಸಿವಾಗಲಿಲ್ಲ. ಹಸಿವಾಗದ ಸಾಹಸದಲ್ಲಿ ನನಗೆ ನಂಬಿಕೆ ಬರುವುದಿಲ್ಲ. ವಾಪಸ್ ಕೊಟ್ಟೆವು.

ಏಪ್ರಿಲ್ 21

‘ದಿ ಈಗಲ್ ಆಫ್ ದಿ ನೈನ್ತ್’, 1954. ರೋಸ್‌ಮೇರಿ ಸಟ್‌ಕ್ಲಿಫ್. ಈಕೆಗೆ ಎಳವೆಯಲ್ಲೇ ಕೀಲುಗಳ ಕಾಯಿಲೆ ಬಂದು ಬದುಕಿನ ಹೆಚ್ಚು ಕಾಲ ಗಾಲಿಕುರ್ಚಿಯಲ್ಲೇ ಕಳೆದರು. ಓದಲು ಕಲಿತದ್ದೇ ತಡವಾಗಿ. ಅಲ್ಲಿಯವರೆಗೆ ಅಮ್ಮ ಓದಿ ಹೇಳುತ್ತಿದ್ದರು. ಕುಂಟು ಕಾಲಿನ ರೋಮನ್ ಸೇನಾಧಿಕಾರಿ ಮಾರ್ಕಸ್ ಗುಡ್ಡ ಹತ್ತುವಾಗ ಹಲ್ಲು ಕಚ್ಚುವುದನ್ನು ಆಕೆ ಬರೆದ ರೀತಿ ನೋಡಿದರೆ ಅದು ಎಲ್ಲಿಂದ ಬಂತು ಅಂತ ಕೇಳಬೇಕಾಗಿಲ್ಲ.

ಮಾರ್ಕಸ್ ಬ್ರಿಟನ್ ಆಳುವ ರೋಮನ್ನರ ಕಡೆಯವನು. ಎಸ್ಕಾ ಅದೇ ಬ್ರಿಟನ್ನಿನ ಬುಡಕಟ್ಟಿನವನು, ರೋಮನ್ನರಿಗೆ ಸೋತು ಗುಲಾಮನಾದವನು. ಇಬ್ಬರೂ ಸೇರಿ ಕಳೆದುಹೋದ ಸೇನೆಯ ಹದ್ದಿನ ಲಾಂಛನ ಹುಡುಕುತ್ತಾ, ರೋಮನ್ನರು ಬ್ರಿಟನ್ನಿನ ಉತ್ತರ ಗಡಿಗೆ ಕಟ್ಟಿದ ಹೇಡ್ರಿಯನ್ ಗೋಡೆಯ ಉತ್ತರಕ್ಕೆ ಹೋಗುತ್ತಾರೆ. ಆದರೆ ನನಗೆ ಇಡೀ ಪುಸ್ತಕದ ಜೀವ ಅನ್ನಿಸಿದ್ದು ಅವರು ಹೊರಡುವ ಮೊದಲಿನ ಒಂದು ಸಣ್ಣ ಮಾತುಕತೆ. ನಮ್ಮ ಜನ, ನಿಮ್ಮ ಜನ ಯಾಕೆ ಒಬ್ಬರಿಗೊಬ್ಬರು ಅರ್ಥವಾಗುವುದಿಲ್ಲ ಅಂತ ಮಾತು ಬರುತ್ತದೆ. ಎಸ್ಕಾ ಮಾರ್ಕಸ್‌ನ ಕಠಾರಿಯ ಒರೆ ತೋರಿಸುತ್ತಾನೆ. ಅದರ ಮೇಲಿನ ಕೆತ್ತನೆಯಲ್ಲಿ ಎಲ್ಲವೂ ಅಳತೆ ಹಿಡಿದು ಇಟ್ಟ ಹಾಗೆ. ಆಮೇಲೆ ತನ್ನ ಜನ ಮಾಡಿದ ಗುರಾಣಿಯ ಗುಬುಟು. ಅದರಲ್ಲಿ ಗೆರೆಗಳು ನೀರು ಹರಿದ ಹಾಗೆ ಒಂದರೊಳಗೊಂದು ಸೇರಿಕೊಳ್ಳುತ್ತವೆ. ಈ ಗುರಾಣಿ ಮಾಡಿದವನು ಆ ಒರೆ ಮಾಡಿದವನ ಆಳ್ವಿಕೆಯಲ್ಲಿ ಸುಲಭವಾಗಿ ಬದುಕಲಾರ, ಅಷ್ಟೇ ಅವನು ಹೇಳುವುದು. ಪುಟ್ಟಿ ಕೂಡಲೇ ಅಜ್ಜಿ ಕಡೆ ತಿರುಗಿ, ‘ಚುಕ್ಕಿ ಇಟ್ಟು ಹಾಕೋ ರಂಗೋಲಿ, ಕೈಬೀಸಿನಲ್ಲಿ ಎಳೆಯೋ ಬಳ್ಳಿ ರಂಗೋಲಿ ಅಲ್ವಾ ಅಜ್ಜಿ’ ಅಂದಳು. ವಿಮರ್ಶೆಯಲ್ಲಿ ಆ ಮಾತನ್ನೂ ಸೇರಿಸಿದೆ, ಅವಳದ್ದು ಅಂತ ಹೇಳಿಯೇ.

ಏಪ್ರಿಲ್ 29

ಒಂದು ತಿದ್ದುಪಡಿ. ರೋಮಿನ ಒಂಬತ್ತನೇ ಲೀಜನ್, ಅಂದರೆ ಕಥೆಯಲ್ಲಿ ಕಳೆದುಹೋದ ಆ ಸೇನೆ, ಕ್ರಿ.ಶ. 117ರ ಸುಮಾರಿಗೆ ಸ್ಕಾಟ್ಲೆಂಡಿನ ಕಡೆ ನಡೆದು ಹೋಗಿ ಕಾಣೆಯಾಯಿತು ಅಂತ ವಿಮರ್ಶೆಯಲ್ಲಿ ಬರೆದಿದ್ದೆ. ಕಾದಂಬರಿಯ ಮುನ್ನುಡಿಯಲ್ಲಿ ಹಾಗೇ ಇದೆ, ಆ ಕಾಲದ ವಿದ್ವಾಂಸರೂ ಹಾಗೇ ನಂಬಿದ್ದರು. ಆದರೆ ಆ ಸೇನೆಯ ಮುದ್ರೆ ಇರುವ ವಸ್ತುಗಳು ನೆದರ್‌ಲ್ಯಾಂಡ್ಸಿನ ನೈಮೇಗನ್‌ನಲ್ಲಿ ಸಿಕ್ಕಿವೆ. ಹಾಗಾಗಿ ಬ್ರಿಟನ್ನಿನಲ್ಲೇ ನಾಶವಾಯಿತು ಅನ್ನುವುದನ್ನು ಈಗ ಹಲವರು ಒಪ್ಪುವುದಿಲ್ಲ. ಸಿಲ್ಚೆಸ್ಟರ್‌ನಲ್ಲಿ 1866ರಲ್ಲಿ ಅಗೆದಾಗ ಸಿಕ್ಕ, ರೆಕ್ಕೆ ಇಲ್ಲದ ಕಂಚಿನ ಹದ್ದು ಲೇಖಕಿಗೆ ಕಥೆ ಹೊಳೆಸಿತು. ಅದು ಕೂಡ ಸೇನೆಯ ಲಾಂಛನವಲ್ಲ, ಜೂಪಿಟರ್ ದೇವರ ವಿಗ್ರಹದ ಭಾಗವಾಗಿದ್ದಿರಬೇಕು ಅನ್ನುತ್ತಾರೆ. ವಿಮರ್ಶೆಯ ಎರಡನೇ ಪುಟ ಬದಲಿಸಿದೆ. ಕಾದಂಬರಿ ಇದರಿಂದ ಏನೂ ಸಣ್ಣದಾಗಲಿಲ್ಲ. ಆದರೆ ಓದುವ ಮಕ್ಕಳಿಗೆ ಎರಡನ್ನೂ ಬೇರೆ ಬೇರೆಯಾಗಿ ಹೇಳಬೇಕಾದ್ದು ವಿಮರ್ಶೆ ಬರೆಯುವವರ ಕೆಲಸ.

ಮೇ 12

ಮತ್ತೆ ಸ್ಟೀವನ್‌ಸನ್. ‘ಕಿಡ್ನ್ಯಾಪ್ಡ್’, 1886. ಇದನ್ನು ಎರಡು ತಿಂಗಳು ಎಳೆಯುವುದು ಅಂತಿದ್ದೇವೆ, ಬೇಕು ಅಂತಲೇ.

ಹದಿನೇಳರ ಡೇವಿಡ್ ಬಾಲ್‌ಫರ್ ಸ್ಕಾಟ್ಲೆಂಡಿನ ಬಯಲು ಕಡೆಯವನು, ಜಾರ್ಜ್ ರಾಜನಿಗೆ ನಿಷ್ಠ. ಅಲನ್ ಬ್ರೆಕ್ ಬೆಟ್ಟದ ಕಡೆಯವನು, ಗಡಿಪಾರಾದ ಸ್ಟುವರ್ಟ್ ರಾಜವಂಶಕ್ಕಾಗಿ ಕತ್ತಿ ಹಿಡಿದವನು. 1746ರಲ್ಲಿ ಕಲೋಡನ್ ಬಯಲಿನಲ್ಲಿ ಬೆಟ್ಟದವರು ಸೋತರು. ಆಮೇಲೆ ಅವರ ಆಯುಧ ಕಿತ್ತುಕೊಂಡರು, ಅವರ ಉಡುಪನ್ನೇ ಕಾನೂನು ಮಾಡಿ ನಿಷೇಧಿಸಿದರು. ಆ ಗಾಯ ಇನ್ನೂ ಹಸಿ ಇರುವಾಗ ಕಥೆ ನಡೆಯುತ್ತದೆ. ಮಲೆನಾಡು, ಬಯಲುಸೀಮೆ ಅಂತ ಹೇಳಿದಾಗ ಪುಟ್ಟಿಗೆ ಭೂಗೋಳ ತಿಳಿಯಿತು. ದ್ವೇಷ ತಿಳಿಯಲು ಇನ್ನೂ ಹತ್ತು ಅಧ್ಯಾಯ ಬೇಕಾಯಿತು.

ಮೇ 26

ಇವತ್ತಿನದು ಬರೆದಿಡಲೇಬೇಕು. ಹಡಗು ಒಡೆದು ಡೇವಿಡ್ ಇಯರಿಡ್ ಎಂಬ ಪುಟ್ಟ ದ್ವೀಪಕ್ಕೆ ಬೀಳುತ್ತಾನೆ. ಎದುರಿಗೇ ದೊಡ್ಡ ಭೂಮಿ ಕಾಣುತ್ತದೆ, ನಡುವೆ ನೀರು. ಅವನಿಗೆ ಈಜು ಬರುವುದಿಲ್ಲ. ನಾಲ್ಕು ದಿನ ಮಳೆಯಲ್ಲಿ ನೆನೆಯುತ್ತಾ ಬಂಡೆಗೆ ಅಂಟಿದ ಚಿಪ್ಪಿ ಕಿತ್ತು ಹಸಿಯಾಗಿ ತಿನ್ನುತ್ತಾನೆ, ವಾಂತಿ ಮಾಡುತ್ತಾನೆ, ಮತ್ತೆ ಅದನ್ನೇ ತಿನ್ನುತ್ತಾನೆ. ದೋಣಿಯಲ್ಲಿ ಹೋಗುವ ಮೀನುಗಾರರು ಅವನನ್ನು ನೋಡಿ ನಗುತ್ತಾರೆ. ಪುಟ್ಟಿಗೆ ಅವರ ಮೇಲೆ ಎಲ್ಲಿಲ್ಲದ ಕೋಪ. ‘ಎಷ್ಟು ಕೆಟ್ಟವರು ಚಿಕ್ಕಿ!’

ಅಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. ಅವರು ಹುಟ್ಟಿ ಬೆಳೆದದ್ದು ಕುಂದಾಪುರದ ಹೊಳೆ ಬಾಯಲ್ಲಿ. ‘ಆ ಹುಡ್ಗನಿಗೆ ಭರತ ಇಳಿತ ಗೊತ್ತಿಲ್ಯಾ?’ ಅಂದರು. ನಾನು ಬಾಯಿ ಮುಚ್ಚಿಕೊಂಡು ಪುಟ ತಿರುಗಿಸಿದೆ. ಅದೇ ವಿಷಯ! ನೀರು ಇಳಿದಾಗ ಆ ಜಾಗ ದ್ವೀಪವೇ ಅಲ್ಲ, ದಿನಕ್ಕೆ ಎರಡು ಸಲ ಕಾಲು ನೆನೆಸಿಕೊಂಡು ನಡೆದು ಹೋಗಬಹುದು. ಮೀನುಗಾರರು ಕೂಗಿ ಹೇಳಿದ್ದೂ ಅದನ್ನೇ, ಆದರೆ ಅವರ ಭಾಷೆ ಗೇಲಿಕ್. ಬಯಲಿನ ಹುಡುಗನಿಗೆ ಅರ್ಥವಾಗಿಲ್ಲ. ಒಂದೇ ದೇಶದ ಎರಡು ಕಡೆಯವರು ಅಂದರೆ ಏನು ಅಂತ ತಿಳಿಸಲು ಇದಕ್ಕಿಂತ ಬೇರೆ ಪಾಠ ಬೇಕಾ? ಸಮುದ್ರ ಬಲ್ಲ ಅಜ್ಜಿ, ಸಮುದ್ರವನ್ನು ರಜೆಯಲ್ಲಿ ಮಾತ್ರ ನೋಡಿದ ಮೊಮ್ಮಗಳು ಒಂದೇ ಚಾಪೆ ಮೇಲೆ ಕೂತಿದ್ದರು. ನನಗೆ ತುಂಬಾ ಸಂತೋಷವಾಯಿತು.

ಜೂನ್ 9

ಕೊಲೆ ಆಗಿದೆ. ಡೇವಿಡ್, ಅಲನ್ ಇಬ್ಬರೂ ಕಾಡು ಮೇಡು ಓಡುತ್ತಿದ್ದಾರೆ. ಈ ಕೊಲೆ ನಿಜವಾಗಿ ನಡೆದದ್ದು. ಸರ್ಕಾರದ ಪರವಾಗಿ ಗೇಣಿ ವಸೂಲಿ ಮಾಡುತ್ತಿದ್ದ ಕಾಲಿನ್ ಕ್ಯಾಂಪ್‌ಬೆಲ್‌ನನ್ನು 1752ರ ಮೇ 14ರಂದು ಯಾರೋ ಗುಂಡಿಟ್ಟು ಕೊಂದರು. ಜೇಮ್ಸ್ ಸ್ಟುವರ್ಟ್ ಎಂಬವನನ್ನು ಆ ನವೆಂಬರಿನಲ್ಲಿ ಗಲ್ಲಿಗೇರಿಸಿದರು. ಹದಿನೈದು ಜ್ಯೂರಿಗಳಲ್ಲಿ ಹನ್ನೊಂದು ಜನ ಕ್ಯಾಂಪ್‌ಬೆಲ್ ಕುಲದವರು, ಕೂತ ನ್ಯಾಯಾಧೀಶ ಆ ಕುಲದ ಯಜಮಾನ. ಕಾದಂಬರಿಯಲ್ಲಿ ಇದು 1751ಕ್ಕೆ ಬಂದಿದೆ. ತಪ್ಪು ಅಂತ ಬರೆಯಲು ಹೊರಟಿದ್ದೆ. ನೋಡಿದರೆ ಅರ್ಪಣೆಯ ಪುಟದಲ್ಲಿ ಸ್ಟೀವನ್‌ಸನ್ ತಾನೇ ಆ ಪ್ರಶ್ನೆ ಎತ್ತಿದ್ದಾನೆ. ಗೊತ್ತಿದ್ದೇ ಮಾಡಿದ್ದು.

ಆದರೆ ನಾವು ಎರಡು ಸಲ ಓದಿದ್ದು ಜಗಳದ ಅಧ್ಯಾಯ. ಡೇವಿಡ್ ಜ್ವರದಲ್ಲಿ ಬಿದ್ದಿರುವಾಗ ಅಲನ್ ಅವನ ದುಡ್ಡು ಕೇಳಿ ಪಡೆದು ಇಸ್ಪೀಟಿನಲ್ಲಿ ಕಳೆಯುತ್ತಾನೆ. ಆಮೇಲೆ ಇಬ್ಬರೂ ಠೂ ಬಿಡುತ್ತಾರೆ. ಹಿಂದೆ ಇಡೀ ಸೈನ್ಯ ಬೆನ್ನಟ್ಟಿದೆ, ಮೇಲೆ ಎಡೆಬಿಡದ ಮಳೆ, ಇವರಿಬ್ಬರೂ ಮುಖ ಊದಿಸಿಕೊಂಡು ಮಾತಿಲ್ಲದೆ ನಡೆಯುತ್ತಿದ್ದಾರೆ. ಕೊನೆಗೆ ಡೇವಿಡ್ ಬೇಕಂತಲೇ ಅವಮಾನದ ಮಾತಾಡಿ ಕತ್ತಿ ಹಿರಿಯುತ್ತಾನೆ. ಅಲನ್ ಕತ್ತಿಯಲ್ಲಿ ಅವನಿಗಿಂತ ಎಷ್ಟೋ ಪಟ್ಟು ಗಟ್ಟಿ. ಅವನೇ ತನ್ನ ಕತ್ತಿ ನೆಲಕ್ಕೆ ಎಸೆದು ನನ್ನಿಂದ ಆಗದು ಅನ್ನುತ್ತಾನೆ. ಇಲ್ಲಿ ನನ್ನ ಗಂಟಲು ಕಟ್ಟಿತು, ಪುಟ್ಟಿ ಪುಸ್ತಕ ತೆಗೆದುಕೊಂಡು ಮುಂದೆ ತಾನೇ ಓದಿದಳು.

ಇಲ್ಲಿಯವರೆಗೆ ಓದಿದ ನಾಲ್ಕನ್ನೂ ಮುಂದಿಟ್ಟುಕೊಂಡು ನೋಡಿದೆ. ನನಗೆ ಒಳ್ಳೆಯದು ಅನ್ನಿಸಿದ್ದರಲ್ಲಿ ಹೆಚ್ಚಿನವುಗಳಲ್ಲಿ ಹುಡುಗನ ಹತ್ತಿರ ಬಂದವನು ಎದುರು ಪಾಳಯದವನು. ಆ ಗೆಳೆತನಕ್ಕೆ ಇಬ್ಬರೂ ಏನೋ ಕಳೆದುಕೊಳ್ಳುತ್ತಾರೆ. ಲೇಖಕರು ಆ ಬೆಲೆ ಕಟ್ಟಿಸಿದ್ದಾರಾ ಅಂತ ಮುಂದಿನ ಪ್ರತಿ ವಿಮರ್ಶೆಯಲ್ಲೂ ಕೇಳುವುದು ಅಂತಿದ್ದೇನೆ.

ಜೂನ್ 23

ಪುಸ್ತಕ ಮುಗಿದ ಮೇಲೆ ಪುಟ್ಟಿ ಕೇಳಿದ್ದು: ಆ ಬೆಟ್ಟದ ಜನ ಆಮೇಲೆ ಏನಾದರು? ಉತ್ತರ ಹುಡುಕುತ್ತಾ ಹೋದರೆ ದಾರಿ ನಮ್ಮ ಮನೆ ಹತ್ತಿರಕ್ಕೇ ಬಂತು. ನಿಷೇಧವಾದ ಉಡುಪನ್ನು ಬ್ರಿಟಿಷ್ ಸೈನ್ಯ ಸೇರಿದರೆ ಮಾತ್ರ ಹಾಕಬಹುದಿತ್ತು. ಸ್ಟುವರ್ಟರ ಪರ ದಂಗೆ ಎದ್ದು ಸೆರೆಯಾಗಿ ಕ್ಷಮೆ ಪಡೆದ ಲಾರ್ಡ್ ಮೆಕ್ಲೌಡ್ ಎಂಬವನೇ 1777ರಲ್ಲಿ 73ನೇ ಹೈಲ್ಯಾಂಡ್ ರೆಜಿಮೆಂಟ್ ಕಟ್ಟಿದ. ಅದರ ಎರಡು ತುಕಡಿಗಳು 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರದ ಪೊಳ್ಳಿಲೂರಿನಲ್ಲಿ ಹೈದರ್ ಅಲಿ, ಟಿಪ್ಪು ಎದುರು ಸೋತವು. ಅಲ್ಲಿ ಗಾಯಗೊಂಡು ಸಿಕ್ಕಿಬಿದ್ದ ಕ್ಯಾಪ್ಟನ್ ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನ ಬಯಲು ಕಡೆಯವನು, ಬೆಟ್ಟದವರ ರೆಜಿಮೆಂಟಿನಲ್ಲಿ ಇದ್ದವನು. ಮೂರೂವರೆ ವರ್ಷಕ್ಕೂ ಹೆಚ್ಚು ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ. ಮಗನನ್ನು ಸರಪಳಿಯಲ್ಲಿ ಜೋಡಿ ಕಟ್ಟಿದ್ದಾರೆ ಅಂತ ಕೇಳಿದ ತಾಯಿ, ನಮ್ಮ ಡೇವಿ ಜೊತೆ ಸಿಕ್ಕಿಕೊಂಡವನ ಗತಿ ಪಾಪ ಅಂದಳಂತೆ. ಅಲನ್ ಕೂಡ ಡೇವಿಡ್‌ನನ್ನು ಕರೆಯುವುದು ಡೇವಿ ಅಂತಲೇ. 1784ರ ಮಂಗಳೂರು ಒಪ್ಪಂದದ ನಂತರ ಬಿಡುಗಡೆಯಾದ ಇದೇ ಬೇರ್ಡ್ 1799ರ ಮೇ 4ರಂದು ಕೋಟೆಗೆ ನುಗ್ಗಿದ ಪಡೆಯ ಮುಂದಿದ್ದ.

ಇವತ್ತು ಬೆಳಿಗ್ಗೆ ದರಿಯಾ ದೌಲತ್‌ಗೆ ಹೋದೆವು. ಪಶ್ಚಿಮದ ಗೋಡೆಯಲ್ಲಿ ಪೊಳ್ಳಿಲೂರು ಯುದ್ಧದ ಚಿತ್ರ ಇದೆ. ಎಷ್ಟು ಸಲ ನೋಡಿಲ್ಲ ನಾವು ಅದನ್ನು, ಶಾಲೆಯ ಪ್ರವಾಸದಲ್ಲಿ ಸಾಲಾಗಿ ಬಂದು ಸಾಲಾಗಿ ಹೋದದ್ದು. ಇವತ್ತು ಒಂದು ಗಂಟೆ ನಿಂತೆವು. ಸಿಡಿಯುತ್ತಿರುವ ಮದ್ದಿನ ಗಾಡಿ, ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ಪಡೆಯ ನಾಯಕ ಕರ್ನಲ್ ಬೈಲಿ, ಸುತ್ತ ಚೌಕವಾಗಿ ನಿಂತ ಕೆಂಪು ಅಂಗಿಯವರು. ಎಲ್ಲರದ್ದೂ ಮೀಸೆ ಇಲ್ಲದ ನುಣುಪು ಮುಖ, ಒಂದೇ ಅಚ್ಚಿನ ಹಾಗೆ. ‘ಇವರಲ್ಲಿ ಬೆಟ್ಟದವರು ಯಾರು, ಬಯಲಿನವರು ಯಾರು ಗೊತ್ತೇ ಆಗಲ್ಲ’ ಅಂದಳು ಪುಟ್ಟಿ. ಆಮೇಲೆ, ‘ಚಿಕ್ಕಿ, ಇಲ್ಲಿ ಸೆರೆಯಲ್ಲಿ ಹುಡುಗರೂ ಇದ್ದರಾ?’

ಇದ್ದರು. ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ಹುಡುಗ 1782ರಲ್ಲಿ ಫ್ರೆಂಚರ ಕೈಗೆ ಸಿಕ್ಕು, ಅವರಿಂದ ಹೈದರನ ಕಡೆಗೆ ಬಂದ. ಹತ್ತು ವರ್ಷ ಮೈಸೂರು ಸೀಮೆಯಲ್ಲಿ ಬೆಳೆದ. ತನ್ನ ದೇಶಕ್ಕೆ ಮರಳಿದಾಗ ಕುರ್ಚಿಯಲ್ಲಿ ಕೂರುವುದೇ ಅವನಿಗೆ ಕಷ್ಟವಾಗಿತ್ತು. ಅವನ ಆತ್ಮಕಥನ 1824ರಲ್ಲಿ ಅಚ್ಚಾಗಿದೆ. ಜುಲೈ ತಿಂಗಳಿಗೆ ಕಾದಂಬರಿ ಬಿಟ್ಟು ಅದನ್ನೇ ಓದೋಣವಾ ಅಂತ ಕೇಳಿದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಪುಟ್ಟಿ ನೋಟ್‌ಬುಕ್ ತೆಗೆದು ಕೊನೆಯ ಪುಟದಲ್ಲಿ ಅವನ ಹೆಸರು ಬರೆದಳು. ಕೆಳಗೆ ಒಂದು ಗೆರೆ ಎಳೆದು, ‘ಇಲ್ಲಿ ಅವನಿಗೆ ಮೊದಲನೇ ಸಲ ಊಟ ಕೊಟ್ಟವರು ಯಾರು?’ ಅಂತ ಬರೆದಿದ್ದಾಳೆ.