ಕುಂತು ನೋಡ್ರಿ, ಅಕ್ಕಾ

ನಲವತ್ತೈದು ದಾಟಿದ ಮೇಲೆ ನನ್ನ ತೂಕ ಅಂಥಾ ಏರಲಿಲ್ಲ. ಆದರೆ ಇದ್ದ ತೂಕವೇ ಜಾಗ ಬದಲಾಯಿಸಿತು. ತೊಡೆ ಸಣ್ಣಗಾಯಿತು, ಹಿಂಬದಿ ಸಪಾಟಾಯಿತು. ಅಲ್ಲಿಂದ ಹೊರಟಿದ್ದೆಲ್ಲ ಹೊಟ್ಟೆಯ ಸುತ್ತ ಬಂದು ಮನೆ ಮಾಡಿತು. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೊಜೆನ್ ಹಾರ್ಮೋನ್ ಕಡಿಮೆಯಾಗುತ್ತದೆ, ಆಗ ಕೊಬ್ಬು ತೊಡೆ ಸೊಂಟ ಬಿಟ್ಟು ಹೊಟ್ಟೆಯ ಕಡೆ ಸೇರುತ್ತದೆ, ಎಲ್ಲರಿಗೂ ಆಗುವುದೇ ಎಂದು ಡಾಕ್ಟರ್ ಆರಾಮಾಗಿ ಹೇಳಿದರು. ಅವರಿಗೇನು, ಅವರು ಕಾಟನ್ ಸೀರೆ ಉಟ್ಟಿದ್ದರು.

ಸೀರೆಗೆ ಈ ತಕರಾರೇ ಇಲ್ಲ. ಲಂಗದ ಲಾಡಿ ಒಂಚೂರು ಸಡಿಲ ಬಿಟ್ಟರೆ ಮುಗಿಯಿತು. ಚೂಡಿದಾರಕ್ಕೂ ಲಾಡಿ, ಈಗೀಗ ಎಲಾಸ್ಟಿಕ್. ಬ್ಲೌಸ್ ಹೊಲಿಯುವವರಂತೂ ಎರಡೂ ಪಕ್ಕದಲ್ಲಿ ಒಳಗೆ ಬಟ್ಟೆ ಬಿಟ್ಟು, ಎರಡು ಮೂರು ಸಾಲು ಹೊಲಿಗೆ ಹಾಕಿಯೇ ಕೊಡುತ್ತಾರೆ. ದಪ್ಪಗಾದರೆ ಒಂದು ಸಾಲು ಬಿಚ್ಚಿಕೊಳ್ಳಿ ಅಂತ. ಮದುವೆಗೆ ಹೊಲಿಸಿದ ಬ್ಲೌಸ್ ಮಗುವಿನ ನಾಮಕರಣಕ್ಕೂ ಆಗುವುದು ಹಾಗೆ. ಹೆಂಗಸಿನ ಮೈ ಬದಲಾಗುತ್ತದೆ ಅನ್ನುವುದು ಅವರ ಲೆಕ್ಕದಲ್ಲೇ ಇದೆ.

ಜೀನ್ಸ್‌ನಲ್ಲಿ ಆ ಲೆಕ್ಕವಿಲ್ಲ. ಎರಡು ಅಂಚುಗಳನ್ನು ಒಂದರೊಳಗೊಂದು ಮಡಚಿ ಮೇಲಿಂದ ಜೋಡಿ ಹೊಲಿಗೆ ಹೊಡೆದಿರುತ್ತಾರೆ. ಗಟ್ಟಿಯೇನೋ ಗಟ್ಟಿ. ಆದರೆ ಬಿಚ್ಚಿದರೆ ಒಳಗೆ ಬಿಟ್ಟ ಬಟ್ಟೆಯೇ ಸಿಗುವುದಿಲ್ಲ.

ಹಾಗಂತ ಜೀನ್ಸ್ ಬಿಡುವ ಮನಸ್ಸು ನನಗಿರಲಿಲ್ಲ. ಸ್ಕೂಟರ್ ಓಡಿಸಬೇಕು, ಮೆಟ್ರೋದಲ್ಲಿ ನಿಲ್ಲಬೇಕು, ಮೊಬೈಲ್ ಇಡಲು ಜೇಬು ಬೇಕು. ಕಾಲೇಜಿನಿಂದ ಹಾಕಿಕೊಂಡು ಬಂದಿದ್ದನ್ನು ಹೊಟ್ಟೆಯ ಕಾರಣಕ್ಕೆ ಯಾಕೆ ಬಿಡಬೇಕು, ಅಲ್ವಾ?

ಹೀಗಾಗಿ ಒಂದು ಶನಿವಾರ ಮಗಳನ್ನು ಕರೆದುಕೊಂಡು ಬೆಂಗಳೂರಿನ ಒಂದು ಮಾಲ್‌ಗೆ ಹೋದೆ. ಟ್ರಯಲ್ ರೂಮಿನ ವಿಷಯ ಜಾಸ್ತಿ ಹೇಳುವುದಿಲ್ಲ, ಹೋದವರಿಗೆಲ್ಲ ಗೊತ್ತು. 32ರ ಗುಂಡಿ ಕೂಡಲಿಲ್ಲ. 34ರ ಗುಂಡಿ ಕೂಡಿತು, ಆದರೆ ಕೂತರೆ ಹೊಟ್ಟೆ ಕತ್ತರಿಸುತ್ತಿತ್ತು. 36ರಲ್ಲಿ ಹೊಟ್ಟೆಗೆ ಉಸಿರು ಬಂತು. ತಿರುಗಿ ಕನ್ನಡಿ ನೋಡಿದರೆ ಹಿಂದೆ ಬಟ್ಟೆ ಜೋತು ಬಿದ್ದಿದೆ, ತೊಡೆಯಲ್ಲಿ ಇನ್ನೊಂದು ಕಾಲು ತೂರುವಷ್ಟು ಜಾಗ. "ಸ್ಟ್ರೆಚ್ ಇದೆ ಮೇಡಂ, ಹಾಕ್ತಾ ಹಾಕ್ತಾ ಸೆಟ್ ಆಗತ್ತೆ" ಎಂದಳು ಅಂಗಡಿಯ ಹುಡುಗಿ. ಸ್ಟ್ರೆಚ್ ಅಂದರೆ ಹತ್ತಿಯ ಜೊತೆ ನೂರಕ್ಕೆ ಒಂದೆರಡು ಪಾಲು ಎಲಾಸ್ಟೇನ್ ಅನ್ನುವ ಹಿಗ್ಗುವ ನೂಲು ಸೇರಿಸಿರುವುದು. ಅದು ಹಿಗ್ಗುತ್ತದೆ ನಿಜ. ಬೆಳಿಗ್ಗೆ ಸರಿಯಾಗಿದ್ದ ಪ್ಯಾಂಟ್ ಸಂಜೆಗೆ ಮಂಡಿಯಲ್ಲಿ ಜೋಲುವುದೂ ಅದರಿಂದಲೇ. ಹಿಂಬದಿ ತುಂಬಿಸುವ ಶಕ್ತಿ ಅದಕ್ಕಿಲ್ಲ.

"ಅಮ್ಮ, ಸುಮ್ನೆ ಜೆಗ್ಗಿಂಗ್ಸ್ ತಗೋ" ಎಂದಳು ಮಗಳು. ಜೀನ್ಸ್‌ನಂತೆ ಕಾಣುವ ಲೆಗ್ಗಿಂಗ್ಸ್ ಅದು. ಆ ಮಾತಿಗೆ ಬಂದ ಸಿಟ್ಟಿನಲ್ಲಿ ಏನನ್ನೂ ಕೊಳ್ಳದೆ ಬಂದೆ.

ತಪ್ಪು ಆ ಅಂಗಡಿಯದೂ ಅಲ್ಲ ಅನ್ನಿ. ಹೆಂಗಸರ ಜೀನ್ಸ್ ಕತ್ತರಿಸುವಾಗ ಸಣ್ಣ ಸೊಂಟ, ಅದಕ್ಕಿಂತ ಒಂಬತ್ತು ಹತ್ತು ಇಂಚು ಅಗಲದ ಹಿಂಬದಿ ಎಂದು ಲೆಕ್ಕ ಹಿಡಿಯುವುದೇ ಹೆಚ್ಚು. ನನ್ನ ಮೈಯಲ್ಲಿ ಆ ಅಂತರ ಅರ್ಧದಷ್ಟೂ ಉಳಿದಿಲ್ಲ. ನಂಬರ್ ಹೆಚ್ಚಿಸುತ್ತ ಹೋದರೆ ಎಲ್ಲವೂ ಒಟ್ಟಿಗೆ ಹಿಗ್ಗುತ್ತದೆ, ಹೊಟ್ಟೆಯೊಂದೇ ಅಲ್ಲ. ಅದೂ ಅಲ್ಲದೆ ನಮ್ಮಲ್ಲಿ ಸಿಗುವ ಅಳತೆಗಳು ಹೆಚ್ಚಾಗಿ ಅಮೆರಿಕದಿಂದಲೋ ಇಂಗ್ಲೆಂಡಿನಿಂದಲೋ ಎರವಲು ತಂದವು. ಭಾರತೀಯರ ಮೈಗೆ ನಮ್ಮದೇ ಅಳತೆಪಟ್ಟಿ ಮಾಡಬೇಕು ಅಂತ ಫ್ಯಾಷನ್ ಸಂಸ್ಥೆ ನಿಫ್ಟ್‌ನವರು ಬೆಂಗಳೂರೂ ಸೇರಿದಂತೆ ಆರು ಊರುಗಳಲ್ಲಿ 25 ಸಾವಿರಕ್ಕೂ ಹೆಚ್ಚು ಜನರನ್ನು ತ್ರೀಡಿ ಸ್ಕ್ಯಾನರ್‌ನಲ್ಲಿ ಅಳೆಯುವ ಯೋಜನೆ ಹಾಕಿಕೊಂಡರು. ಒಳ್ಳೆಯದೇ. ಆದರೆ ಅಳತೆಪಟ್ಟಿ ಯಾವುದೇ ಇರಲಿ, ನಾಲ್ಕು ವರ್ಷದ ಹಿಂದಿನ ನಾನು ಒಂದು ಸಾಲಿನಲ್ಲಿ, ಈಗಿನ ನಾನು ಇನ್ನೊಂದರಲ್ಲಿ.

ದಾರಿ ಸಿಕ್ಕಿದ್ದು ಬಳ್ಳಾರಿಯಲ್ಲಿ. ಚಿಕ್ಕಮ್ಮನ ಮಗಳ ಮನೆ ಇರುವುದು ಅಲ್ಲಿ. ಮೊಮ್ಮಗುವಿನ ತೊಟ್ಟಿಲಿಗೆ ಬಾ ಎಂದು ಚಿಕ್ಕಮ್ಮ ಕರೆದಿದ್ದರು. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯೆಲ್ಲ ಪ್ರಯಾಣ ಮಾಡಿ ಇಳಿದೆ. ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಕಾರ್ಯ ಮುಗಿದ ಮಾರನೇ ದಿನ ಒಗ್ಗರಣೆ ಮಿರ್ಚಿ ತಿನ್ನುತ್ತ ಮಾಲ್‌ನ ಕತೆ ಹೇಳಿದೆ. ತಂಗಿ ನಕ್ಕಳು. "ಅಕ್ಕಾ, ಜೀನ್ಸ್ ಊರಿಗೆ ಬಂದು ಜೀನ್ಸ್ ಸಿಗಲಿಲ್ಲ ಅಂತೀಯಲ್ಲ. ಬಾ, ಹಿಂದಿನ ಬೀದಿಗೆ ಹೋಗೋಣ."

ಬಳ್ಳಾರಿ ಅಂದರೆ ಹೊರಗಿನವರಿಗೆ ಗಣಿ ನೆನಪಾಗುತ್ತದೆ. ಒಳಗಿನವರಿಗೆ ಜೀನ್ಸ್. ಒಂದನೇ ಮಹಾಯುದ್ಧದ ಕಾಲಕ್ಕೆ ಸಿಪಾಯಿಗಳ ಸಮವಸ್ತ್ರ ಹೊಲಿಯಲು ಬಂದ ಮರಾಠಿ ದರ್ಜಿಗಳಿಂದ ಇಲ್ಲಿ ಹೊಲಿಗೆ ಬೇರುಬಿಟ್ಟಿತು ಎಂದು ಅಲ್ಲಿನವರು ಹೇಳುತ್ತಾರೆ. ಈಗ ಎಷ್ಟೋ ಮನೆಗಳ ಪಡಸಾಲೆಯೇ ಕಾರ್ಖಾನೆ. ಒಂದು ಮನೆಯಲ್ಲಿ ಜೇಬು ಮಾತ್ರ ಹೊಲಿಯುತ್ತಾರೆ, ಇನ್ನೊಂದರಲ್ಲಿ ಜಿಪ್ಪು, ಮತ್ತೊಂದರಲ್ಲಿ ಬೆಲ್ಟಿನ ಲೂಪು. ಎಲ್ಲವೂ ಪೀಸಿಗೆ ಇಷ್ಟು ಅಂತ ಲೆಕ್ಕ. ಹೊಲಿದದ್ದು ವಾಷಿಂಗ್‌ಗೆ ಹೋಗಿ, ಬಣ್ಣ ತಿಳಿಯಾಗಿ, ಒಂದಿಷ್ಟು ಕುಗ್ಗಿ ಬರುತ್ತದೆ. ಆಮೇಲೆ ಹೆಂಗಸರು ಬಾಗಿಲಲ್ಲಿ ಕೂತು ಉಳಿದ ದಾರ ಕತ್ತರಿಸುತ್ತಾರೆ.

ನಾವು ಹೋದ ಮನೆಯಲ್ಲಿ ಗಂಡ ಹೆಂಡತಿ ಇಬ್ಬರದೂ ಅದೇ ಕೆಲಸ. ಎರಡು ಮಿಷನ್ನು, ಒಂದು ಫ್ಯಾನು, ಗೋಡೆಗೆ ಒರಗಿಸಿದ ನೀಲಿ ಪ್ಯಾಂಟುಗಳ ಗುಡ್ಡೆ. ಎಲ್ಲವೂ ಗಂಡಸರವು. ನಾನು ತಂಗಿಯ ಮುಖ ನೋಡಿದೆ.

ಆಕೆ ಟೇಪು ಕೊರಳಿಗೆ ಹಾಕಿಕೊಂಡು ಬಂದು ನನ್ನ ಸೊಂಟದ ಸುತ್ತಳತೆ ತೆಗೆದರು. ಹಿಂಬದಿಯದೂ ತೆಗೆದರು. ಆಮೇಲೆ ಪ್ಲಾಸ್ಟಿಕ್ ಕುರ್ಚಿ ಎಳೆದು, "ಈಗ ಕುಂತು ನೋಡ್ರಿ, ಅಕ್ಕಾ" ಅಂದರು. ಕೂತೆ. ಟೇಪನ್ನು ಅಲ್ಲೇ ಹಿಡಿದಿದ್ದರು. ಬೆರಳ ಸಂದಿಯಲ್ಲಿ ಅದು ತಾನಾಗಿ ಜಾರಿತು. ನಿಂತಾಗಿನದಕ್ಕಿಂತ ಪೂರ್ತಿ ಎರಡು ಇಂಚು ಹೆಚ್ಚು. "ನೋಡ್ರಿ, ನೀವು ಆಫೀಸ್ನಾಗ ದಿನಾ ಕುಂದ್ರೋರು. ನಿಂತಾಗಿನ ಅಳತಿ ತಗೊಂಡು ಏನ್ ಮಾಡ್ತೀರಿ?"

ಇಷ್ಟು ವರ್ಷ ಎಷ್ಟೊಂದು ಟೇಲರ್‌ಗಳ ಮುಂದೆ ಕೈ ಎತ್ತಿ ನಿಂತಿದ್ದೇನೆ. ಕೂರಿಸಿ ಅಳತೆ ತೆಗೆದವರು ಇವರೊಬ್ಬರೇ.

ಗುಡ್ಡೆಯಿಂದ ಗಂಡಸರ 36ರ ಪ್ಯಾಂಟ್ ಒಂದನ್ನು ಎಳೆದು ಒಳಕೋಣೆ ತೋರಿಸಿದರು. ನನಗೆ ನಗು. ಗಂಡನ ಪ್ಯಾಂಟ್ ಹಾಕಿಕೊಂಡ ಹಾಗಾಗುತ್ತದೆ ಅಂದುಕೊಂಡೇ ಹಾಕಿದೆ. ಹಾಕಿ ನೋಡಿದರೆ ಸೊಂಟದಲ್ಲಿ ಹಿಂದೆ ಬಾಯಿ ಬಿಡುತ್ತಿಲ್ಲ! ಹಿಂಬದಿ ಜೋಲುತ್ತಿಲ್ಲ. ಮುಂದೆ ಗುಂಡಿಯಿಂದ ಕೆಳಗಿನ ಕವಲಿನವರೆಗೆ ಉದ್ದ ಸಾಕಷ್ಟಿದೆ, ಹೊಟ್ಟೆಯನ್ನು ಕೆಳಗೆ ದೂಡದೆ ಮುಚ್ಚುತ್ತದೆ. ಸೊಂಟದಲ್ಲಿ ಒಂದಿಂಚು ಸಡಿಲ, ತೊಡೆಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಸಡಿಲ, ಕಾಲು ಉದ್ದ. ಅಷ್ಟೇ.

ಗಂಡಸರ ಪ್ಯಾಂಟಿಗೆ ಸೊಂಟಕ್ಕೂ ಹಿಂಬದಿಗೂ ಅಂಥಾ ವ್ಯತ್ಯಾಸ ಇಡುವುದಿಲ್ಲವಂತೆ. ಹೊಟ್ಟೆ ಬರುತ್ತದೆ, ಹಿಂದೆ ಸಪಾಟಿರುತ್ತದೆ ಅನ್ನುವುದನ್ನು ಅವರಿಗೆ ಮೊದಲೇ ಒಪ್ಪಿಬಿಟ್ಟಿದ್ದಾರೆ. ಆಮೇಲೆ ಯೋಚಿಸಿದರೆ ಇದರಲ್ಲಿ ಆಶ್ಚರ್ಯವೂ ಇಲ್ಲ. ಲೆವಿ ಸ್ಟ್ರಾಸ್ ಅನ್ನುವ ಬಟ್ಟೆ ವ್ಯಾಪಾರಿಯ ಕಂಪನಿ ಮತ್ತು ಜೇಕಬ್ ಡೇವಿಸ್ ಅನ್ನುವ ದರ್ಜಿ ಅಮೆರಿಕದಲ್ಲಿ ಜೇಬಿಗೆ ತಾಮ್ರದ ರಿವೆಟ್ ಹೊಡೆಯುವ ಪೇಟೆಂಟ್ ಪಡೆದದ್ದು 1873ರಲ್ಲಿ, ದುಡಿಯುವ ಗಂಡಸರಿಗಾಗಿ. ಅದೇ ಕಂಪನಿ ಹೆಂಗಸರಿಗೆಂದೇ ಜೀನ್ಸ್ ತಂದದ್ದು 1934ರಲ್ಲಿ. ಅರವತ್ತು ವರ್ಷ ತಡವಾಗಿ ಹೆಂಗಸರ ಕಟಿಂಗ್ ಬಂತು, ಅದೂ ನನ್ನ ವಯಸ್ಸಿನವರಿಗಲ್ಲ.

"ಸೈಡ್ ಹಿಡೀಲೇನ್ರಿ?" ಎಂದು ಅವರ ಯಜಮಾನರು ಎದ್ದರು. ನಾನು ಬ್ಲೌಸಿನ ಮಾತು ಎತ್ತಿದೆ. ಹಿಡಿಯಿರಿ, ಆದರೆ ಬಟ್ಟೆ ಕತ್ತರಿಸಬೇಡಿ, ಒಳಗೆ ಬಿಡಿ, ಮುಂದೆ ಬೇಕಾಗಬಹುದು ಎಂದೆ. ಅವರಿಗೆ ಅದು ಇಷ್ಟವಾಗಲಿಲ್ಲ. ಜೀನ್ಸ್ ಬಟ್ಟೆ ದಪ್ಪ, ಒಳಗೆ ಬಿಟ್ಟರೆ ಗಂಟಾಗುತ್ತದೆ, ಚುಚ್ಚುತ್ತದೆ, ಫಿನಿಶಿಂಗ್ ಹೋಗುತ್ತದೆ ಅಂತ ಅವರ ವಾದ. ಹೆಂಡತಿ ಮಧ್ಯೆ ಬಂದರು. "ಫಾರ್ಮಲ್ ಪ್ಯಾಂಟಿಗೆ ಹಿಂದ್ ನಡುವೆ ಬಟ್ಟಿ ಬಿಡಂಗಿಲ್ಲೇನು? ಹಂಗ ಬಿಡ್ರಿ. ಪಕ್ಕಕ್ಕ ಕೈ ಹಚ್ಚಬ್ಯಾಡ್ರಿ." ಹೌದಲ್ಲ! ನನ್ನ ಗಂಡನ ಆಫೀಸ್ ಪ್ಯಾಂಟುಗಳಲ್ಲಿ ಹಿಂದೆ ನಡುಹೊಲಿಗೆಯ ಒಳಗೆ ಬಟ್ಟೆ ಇದ್ದೇ ಇರುತ್ತದೆ. ದೀಪಾವಳಿ ಕಳೆದ ಮೇಲೆ ಎಷ್ಟು ಸಲ ಬಿಡಿಸಿಕೊಟ್ಟಿಲ್ಲ ನಾನು.

ಆಮೇಲಿನ ಒಂದು ಗಂಟೆ ಕೆಲಸ ನೋಡುತ್ತ ಕೂತೆ. ಹಿಂದಿನ ನಡುವಿನ ಲೂಪ್ ಬಿಚ್ಚಿದರು. ಸೊಂಟಪಟ್ಟಿಯನ್ನು ಅಲ್ಲಿ ಕತ್ತರಿಸಿ ಎರಡು ಮಾಡಿದರು. ಪಕ್ಕದಲ್ಲಿ ಅಂಟಿದ್ದ ನಂಬರಿನ ಚರ್ಮದ ಚೀಟಿ ಅಡ್ಡ ಬಂತು, ಅದನ್ನೂ ಕಿತ್ತು ಡಬ್ಬಿಗೆ ಹಾಕಿದರು. ಜೋಡಿ ಹೊಲಿಗೆಯನ್ನು ಬ್ಲೇಡಿನ ತುದಿಯಿಂದ ಎಳೆ ಎಳೆಯಾಗಿ ತೆಗೆದಾಗ ಒಳಗೆ ಮಡಚಿದ್ದ ಭಾಗ ತೊಳೆಯದ ಹೊಸ ಬಟ್ಟೆಯಷ್ಟು ಗಾಢ ನೀಲಿಯಾಗಿ ಕಂಡಿತು. ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮೇಲೆ ಅಗಲ, ಕೆಳಗೆ ಬರುತ್ತ ಸಣ್ಣದಾಗುವಂತೆ ಹಿಡಿದರು. ನಾಲ್ಕಾರು ಪದರ ಸೇರುವ ಕಡೆ ಮಿಷನ್ ಮುಂದೆ ಹೋಗುವುದಿಲ್ಲ, ಸೂಜಿ ಪಟ್ ಅಂತ ಮುರಿಯುತ್ತದೆ. ಅದಕ್ಕೆ ಸುತ್ತಿಗೆ ತಗೊಂಡು ಆ ಗಂಟನ್ನು ಕಲ್ಲಿನ ಮೇಲಿಟ್ಟು ಚಪ್ಪಟೆಯಾಗುವ ತನಕ ಬಡಿದರು. ಆಮೇಲೆ ಮಿಷನ್ನಿನ ಚಕ್ರವನ್ನು ಕೈಯಲ್ಲೇ ತಿರುಗಿಸಿ ಒಂದೊಂದೇ ಹೊಲಿಗೆ ದಾಟಿಸಿದರು. ದಾರವೂ ಅದೇ ತಂಬಾಕಿನ ಬಣ್ಣದ್ದು.

ಕಾಲನ್ನು ಒಳಗಡೆಯಿಂದ ಮಾತ್ರ ಹಿಡಿದು, ಮಂಡಿಯ ಕೆಳಗೆ ನೇರ ಬಿಟ್ಟರು. ಬಿಗಿ ಮಾಡಿ ಎಂದೆ. ಆಕೆ ಬೇಡ ಎಂದರು. ಕಾಲು ಕಡ್ಡಿಯಂತೆ ಕಂಡರೆ ಹೊಟ್ಟೆ ಇನ್ನೂ ಎದ್ದು ಕಾಣುತ್ತದಂತೆ, ನೇರವಾಗಿ ಇಳಿದರೆ ಮೈ ಒಂದೇ ಸಮ ಕಾಣುತ್ತದಂತೆ. ಹಿಂದಿನ ಜೇಬುಗಳನ್ನೂ ಬಿಚ್ಚಿ ಒಂದಿಂಚು ಮೇಲಕ್ಕೆ ಕೂರಿಸಿದರು. "ಸಪಾಟಿದ್ದಲ್ಲಿ ಜೇಬು ಕೆಳಗ ಇದ್ರ ಇನ್ನೂ ಸಪಾಟ ಕಾಣ್ತೈತಿ." ಹಳೆಯ ಜಾಗದಲ್ಲಿ ಗಾಢ ನೀಲಿಯ ಗೆರೆ ಉಳಿದಿದೆ. ಕುರ್ತಾ ಮುಚ್ಚುತ್ತದೆ ಬಿಡಿ.

ಹಾಕಿಕೊಂಡು ಕನ್ನಡಿ ಕೇಳಿದೆ. ಅವರ ಮನೆಯಲ್ಲಿದ್ದದ್ದು ಕುಂಕುಮ ಇಟ್ಟುಕೊಳ್ಳುವಷ್ಟು ಚಿಕ್ಕದು. ತಂಗಿ ಮೊಬೈಲಿನಲ್ಲಿ ಹಿಂದಿನಿಂದ ಫೋಟೋ ತೆಗೆದು ತೋರಿಸಿದಳು. ಹಿಂಬದಿಯ ಫೋಟೋ ನೋಡಿ ಖುಷಿಯಾದದ್ದು ಎಷ್ಟೋ ವರ್ಷದ ಮೇಲೆ. ಕುರ್ಚಿಯಲ್ಲಿ ಕೂತೆ, ಎದ್ದೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದೆ. ಹೊಟ್ಟೆಯ ಮೇಲೆ ಗುಂಡಿಯ ಗುರುತು ಬೀಳಲಿಲ್ಲ. ಪ್ಯಾಂಟ್, ಆಲ್ಟರೇಶನ್ ಎರಡೂ ಸೇರಿ ಮಾಲ್‌ನ ಬೆಲೆಯ ಮೂರನೇ ಒಂದು ಪಾಲೂ ಆಗಲಿಲ್ಲ. ಸುತ್ತಿಗೆಯ ಕೆಲಸ ನೋಡಿದ ಮೇಲೆ ಅದಕ್ಕಿಂತ ಹೆಚ್ಚೇ ಕೊಟ್ಟೆ. ಯಜಮಾನರು ತಗೊಳ್ಳಲಿಲ್ಲ, ಆಕೆ ತಗೊಂಡರು.

ಕೊರತೆಯೂ ಇದೆ. ಯಜಮಾನರು ಹೇಳಿದ್ದು ನಿಜ, ಒಳಗೆ ಬಿಟ್ಟ ಬಟ್ಟೆ ಬೆನ್ನಿಗೆ ಒತ್ತುತ್ತದೆ. ಬಸ್ಸಿನ ಗಟ್ಟಿ ಸೀಟಿನಲ್ಲಿ ಜಾಸ್ತಿ. ಗಂಡಸರ ಜಿಪ್ಪು ಮೊದಮೊದಲು ಕೈಗೆ ಅಡ್ಡ ಬರುತ್ತಿತ್ತು. ಜೇಬು ಮಾತ್ರ, ಅಬ್ಬಾ, ಮೊಬೈಲು ಪರ್ಸು ಎರಡೂ ಇಟ್ಟರೂ ಇನ್ನೂ ಜಾಗ. ಇಷ್ಟು ದೊಡ್ಡ ಜೇಬು ಇಟ್ಟುಕೊಂಡು ಗಂಡಸರು ನಮ್ಮ ಕೈಗೆ ಕೀ ಕೊಟ್ಟು ಹೋಗುತ್ತಾರಲ್ಲ!

ಮೊನ್ನೆ ಕಪ್ಪು ಬಣ್ಣದ್ದು ಇನ್ನೊಂದು ಬೇಕು ಅಂತ ತಂಗಿಗೆ ಫೋನ್ ಮಾಡಿದೆ. ಅಲ್ಲೇ ಹಿಂದಿನ ಬೀದಿಗೆ ಹೋಗಿ ಫೋನ್ ಕೊಟ್ಟಳು. ಹಳೆಯ ಅಳತೆಯೇ ಇರಲಿ, ಚೀಟಿಯಲ್ಲಿ ಬರೆದಿಟ್ಟಿದ್ದೀರಲ್ಲ ಎಂದೆ. ಆಕೆ ಒಪ್ಪಲಿಲ್ಲ. "ಅದು ಆಗಿಂದು. ಈಗ ಟೇಪ್ ತಗೊಂಡು ಕುಂದ್ರಿ, ನಾ ಲೈನ್‌ನಾಗ ಇರ್ತೀನಿ." ಟೇಪು ಹುಡುಕಲು ಮಗಳನ್ನು ಕೂಗಿದೆ.